ಅವೇ ಮ್ಯಾಚಿಗೆ ಮೈಸೂರಿನಿಂದ ಬಸ್: ಕ್ಲಬ್ಬಿನಿಂದ ಕೇಳುವುದೇನು, ನಾವೇ ಮಾಡಿಕೊಳ್ಳುವುದೇನು

ಕ್ಲಬ್ಬಿನವರ ಹತ್ತಿರ ಫ್ರೀ ಟಿಕೆಟ್ ಕೇಳಬೇಡಿ. ಮೈಸೂರು, ಮಂಡ್ಯ ಕಡೆಯಿಂದ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಹಿಂದೆ ಅವೇ ಮ್ಯಾಚಿಗೆ, ಅಂದರೆ ಎದುರಾಳಿಯ ಊರಿನ ಪಂದ್ಯಕ್ಕೆ, ಕೊಚ್ಚಿಗೋ ಚೆನ್ನೈಗೋ ಹೊರಡುವ ಹುಡುಗರಿಗೆ ನಾವು ಮೊದಲು ಹೇಳುವ ಮಾತು ಇದು. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಟಿಕೆಟ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಬಸ್ಸಿನ ಸೀಟಿಗೆ ಅದರ ಹಲವು ಪಟ್ಟು ಬೀಳುತ್ತದೆ. ಅಗ್ಗದ್ದನ್ನು ಪುಕ್ಕಟೆ ಕೊಟ್ಟು ಕ್ಲಬ್ ಕೈತೊಳೆದುಕೊಂಡರೆ ನಮ್ಮ ಜೇಬಿಗೆ ಏನೂ ಉಳಿಯುವುದಿಲ್ಲ. ಕೇಳಬೇಕಾದ್ದು ಮೂರು: ಎಲ್ಲರೂ ಒಟ್ಟಿಗೆ ಕೂರುವ ಜಾಗ, ಬಸ್ಸಿನ ಬಾಡಿಗೆಯಲ್ಲಿ ಪಾಲು, ಮ್ಯಾಚಿನ ದಿನ ಫೋನ್ ಎತ್ತುವ ಒಬ್ಬ ಮನುಷ್ಯ. ನನ್ನನ್ನು ಕೇಳಿದರೆ ಮೂರನೆಯದು ಸಿಕ್ಕರೆ ಉಳಿದೆರಡು ತಾವಾಗಿಯೇ ದಾರಿಗೆ ಬರುತ್ತವೆ.

ಇಂಗ್ಲೆಂಡಿನಲ್ಲಿ ಬರೆ ಬೀಳುತ್ತಿದ್ದದ್ದು ಟಿಕೆಟ್ಟಿನಲ್ಲಿ, ಹಾಗಾಗಿ ಅಲ್ಲಿನ ಅಭಿಮಾನಿಗಳು ಹೋರಾಡಿದ್ದೂ ಅದಕ್ಕೇ. 2013ರಲ್ಲಿ ಪ್ರೀಮಿಯರ್ ಲೀಗ್ ಒಂದು ನಿಧಿ ಮಾಡಿತು: ಒಂದೊಂದು ಕ್ಲಬ್ಬೂ ಸೀಸನ್ನಿಗೆ 2 ಲಕ್ಷ ಪೌಂಡನ್ನು ಅವೇ ಅಭಿಮಾನಿಗಳಿಗೆಂದೇ ಖರ್ಚು ಮಾಡಬೇಕು. 2016–17ರಿಂದ ಅವೇ ಟಿಕೆಟ್ 30 ಪೌಂಡ್ ದಾಟುವಂತಿಲ್ಲ ಎಂದಾಯಿತು. ಎಷ್ಟು ಟಿಕೆಟ್ ಎನ್ನುವುದಕ್ಕೂ ಲೆಕ್ಕವಿದೆ: ಬಂದ ತಂಡಕ್ಕೆ 3,000, ಸ್ಟೇಡಿಯಂ 30,000ಕ್ಕಿಂತ ಚಿಕ್ಕದಾದರೆ ಒಟ್ಟು ಸೀಟಿನಲ್ಲಿ ನೂರಕ್ಕೆ 10. ಯುರೋಪಿನ ಕ್ಲಬ್ ಟೂರ್ನಿಗಳಲ್ಲಿ ಅಲ್ಲಿನ ಫುಟ್‌ಬಾಲ್ ಒಕ್ಕೂಟ ಯುಇಎಫ್‌ಎ ನಿಯಮ ನೂರಕ್ಕೆ 5. ನಮ್ಮ ಪರಿಸ್ಥಿತಿಗೆ ಇವುಗಳಿಗಿಂತ ಹತ್ತಿರದ ಮಾದರಿ ಸ್ಟೋಕ್ ಸಿಟಿಯದು. ಆ ಕ್ಲಬ್ ಹಲವು ಸೀಸನ್ ತನ್ನ ಅಭಿಮಾನಿಗಳನ್ನು ಹೊರಗಿನ ಪಂದ್ಯಗಳಿಗೆ ಪುಕ್ಕಟೆ ಬಸ್ಸಿನಲ್ಲಿ ಕಳಿಸಿತು. ಕ್ಲಬ್ಬಿಗೆ ಬರೆಯುವಾಗ ಈ ಒಂದು ಉದಾಹರಣೆ ಹಾಕಿ, ಸಾಕು.

ಇನ್ನು ಬಸ್ಸು. ಮೈಸೂರಿನಿಂದ ಕೊಚ್ಚಿಗೆ ಸುಲ್ತಾನ್ ಬತ್ತೇರಿ, ಕೋಳಿಕ್ಕೋಡು, ತ್ರಿಶೂರು ಮೇಲೆ ಹೋದರೆ ಹತ್ತಿರ ಹತ್ತಿರ 400 ಕಿ.ಮೀ. ದೂರಕ್ಕಿಂತ ದೊಡ್ಡ ತೊಡಕು ಬಂಡೀಪುರ. ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟ್ ಮುಚ್ಚಿರುತ್ತದೆ, 2009ರಿಂದ ಹೀಗೇ. ಬಾಡಿಗೆ ಬಸ್ಸಿಗೆ ರಿಯಾಯಿತಿ ಇಲ್ಲ. ಆದ್ದರಿಂದ ಇಡೀ ಪ್ರಯಾಣವನ್ನು ಗೇಟಿನಿಂದ ಹಿಂದಕ್ಕೆ ಎಣಿಸಬೇಕು. ಮೈಸೂರಿನಿಂದ 4.15ಕ್ಕೆ ಹೊರಟರೆ ಗುಂಡ್ಲುಪೇಟೆ ದಾಟಿ ಮದ್ದೂರು ಚೆಕ್‌ಪೋಸ್ಟಿಗೆ 6ಕ್ಕೆ ಮೊದಲೇ ಸೇರಿ ಸಾಲಿನಲ್ಲಿ ನಿಲ್ಲಬಹುದು. (ಇದು ವಡೆಯ ಮದ್ದೂರಲ್ಲ. ಮಂಡ್ಯದ ಹೊಸಬರೊಬ್ಬರು ಪ್ರತಿ ಸಲವೂ ಗ್ರೂಪಿನಲ್ಲಿ ‘ನಾನು ಮದ್ದೂರಲ್ಲೇ ಹತ್ತಲಾ’ ಅಂತ ಕೇಳುತ್ತಾರೆ.) ಆರಕ್ಕೆ ಗೇಟ್ ತೆರೆದಾಗ ಮುಂದೆ ತರಕಾರಿ ಲಾರಿಗಳ ಸಾಲಿರುತ್ತದೆ. ಅದರ ಹಿಂದೆ ಸಿಕ್ಕಿಕೊಂಡರೆ ಕಾಡು ಮುಗಿಯುವವರೆಗೆ ಓವರ್‌ಟೇಕ್ ಇಲ್ಲ. ಬತ್ತೇರಿಯಲ್ಲಿ ತಿಂಡಿ. ಅಲ್ಲಿಂದ ಮುಂದೆ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳಲ್ಲಿ ಶನಿವಾರ, ಭಾನುವಾರ ಒಂದು ಲಾರಿ ಕೆಟ್ಟರೂ ಕಥೆ ಮುಗಿಯಿತು, ಅದಕ್ಕೆಂದೇ ಒಂದು ಗಂಟೆ ಎತ್ತಿಡಿ. ಎಲ್ಲ ಸರಿಯಿದ್ದರೆ ಸಂಜೆ 4ರಿಂದ 5ರೊಳಗೆ ಕೊಚ್ಚಿ.

ವಾಪಸ್ ಬರುವಾಗ ಗೇಟಿನ ಸಮಯ ನಮಗೇ ಅನುಕೂಲ. 7.30ರ ಮ್ಯಾಚ್ 9.30ರ ಸುಮಾರಿಗೆ ಮುಗಿಯುತ್ತದೆ. 10.30ಕ್ಕೆ ಹೊರಟರೆ ಕೇರಳ ಬದಿಯ ಮುತ್ತಂಗ ಚೆಕ್‌ಪೋಸ್ಟ್ ಸೇರುವಷ್ಟರಲ್ಲಿ ಗೇಟ್ ತೆಗೆದಿರುತ್ತದೆ, 9ರ ಆಸುಪಾಸಿಗೆ ಮೈಸೂರು. ಡ್ರೈವರ್‌ಗೆ ‘ಬೇಗ ಹೊಡಿಯಣ್ಣ’ ಅನ್ನುವವರನ್ನು ಸುಮ್ಮನಿರಿಸಿ, ಬೇಗ ಹೋಗಿ ಗೇಟಿನ ಮುಂದೆ ಸೊಳ್ಳೆ ಹೊಡೆಯುವುದಷ್ಟೇ ಲಾಭ. ನಿಲಂಬೂರು, ಗೂಡಲೂರು ಮೇಲಿನ ದಾರಿ ನಕ್ಷೆಯಲ್ಲಿ ಹತ್ತಿರ ಕಾಣುತ್ತದೆ. ಆದರೆ ಆ ಕಡೆಯ ಕಾಡಿನ ರಸ್ತೆಯೂ ರಾತ್ರಿ ಮುಚ್ಚುತ್ತದೆ, ಮೂರನೇ ರಾಜ್ಯವೊಂದು ನಡುವೆ ಬರುತ್ತದೆ, ಸಾಲದ್ದಕ್ಕೆ 2024ರಿಂದ ನೀಲಗಿರಿ ಜಿಲ್ಲೆಯ ಇ-ಪಾಸ್ ಪದ್ಧತಿ ಬೇರೆ. ನಾವು ಆ ದಾರಿ ಹಿಡಿಯುವುದಿಲ್ಲ.

ಡ್ರೈವರ್ ಇಬ್ಬರು ಬೇಕೇ ಬೇಕು. ಹಗಲು ಹತ್ತು ಹನ್ನೆರಡು ಗಂಟೆ ಓಡಿಸಿದವನು ರಾತ್ರಿ ಮತ್ತೆ ಅಷ್ಟೇ ಓಡಿಸಲಾರ, ಓಡಿಸುತ್ತೇನೆ ಅಂದರೂ ಒಪ್ಪಬೇಡಿ. ಟ್ರಾವೆಲ್ಸ್‌ನವರು ಎರಡನೇ ಬಾಟಾ (ಡ್ರೈವರ್‌ನ ದಿನಭತ್ಯೆ) ಉಳಿಸಲು ‘ನಮ್ಮ ಹುಡುಗ ಗಟ್ಟಿ ಸಾರ್’ ಅನ್ನುತ್ತಾರೆ. ಕ್ಲಬ್ ಕೈಯಲ್ಲಿ ಎರಡನೇ ಡ್ರೈವರ್ ಬಾಟಾ, ಟೋಲ್, ರಾಜ್ಯದ ತೆರಿಗೆ ಕೊಡಿಸಿದರೂ ದೊಡ್ಡ ಸಹಾಯವೇ. ಈ ಮೊತ್ತ ಚಿಕ್ಕದು, ರಸೀದಿ ಇರುತ್ತದೆ, ಹಾಗಾಗಿ ಕ್ಲಬ್ಬಿನ ಅಕೌಂಟ್ಸ್‌ನವರೂ ಮುಖ ಗಂಟಿಕ್ಕುವುದಿಲ್ಲ. ಗಾಡಿ ಹಳದಿ ಬೋರ್ಡಿನದೇ ಆಗಿರಲಿ, ಅಖಿಲ ಭಾರತ ಪ್ರವಾಸಿ ಪರ್ಮಿಟ್ಟಿನ ಪ್ರತಿಯನ್ನು ಅಡ್ವಾನ್ಸ್ ಕೊಡುವ ಮೊದಲೇ ತರಿಸಿಕೊಳ್ಳಿ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ತಂದು ಗಡಿಯಲ್ಲಿ ಸಿಕ್ಕಿಬಿದ್ದರೆ ಮ್ಯಾಚೂ ಹೋಯಿತು, ಅಪಘಾತವಾದರೆ ವಿಮೆಯೂ ಹೋಯಿತು.

ಬಾಡಿಗೆ ಲೆಕ್ಕದಲ್ಲಿ ಏಟು ಬೀಳುವುದು ಕಿ.ಮೀ. ದರದಲ್ಲಿ ಅಲ್ಲ, ‘ದಿನ’ದಲ್ಲಿ. ಬಹುಪಾಲು ಟ್ರಾವೆಲ್ಸ್‌ನವರು ದಿನಕ್ಕೆ ಕನಿಷ್ಠ 300 ಕಿ.ಮೀ. ಹಿಡಿಯುತ್ತಾರೆ, ರಾತ್ರಿ 12 ದಾಟಿದರೆ ಹೊಸ ದಿನ. ಕೊಚ್ಚಿಗೆ ಹೋಗಿ ಬರುವುದು ಎರಡು ದಿನ, 800 ಕಿ.ಮೀ., ಕನಿಷ್ಠ 600 ತಾನಾಗಿಯೇ ದಾಟುತ್ತದೆ, ನಷ್ಟವಿಲ್ಲ. ಮೋಸ ಹೋಗುವುದು ಬೆಂಗಳೂರಿನ ಮ್ಯಾಚಿಗೆ. ಹೋಗಿ ಬರುವುದು 300 ಕಿ.ಮೀ. ಒಳಗೇ, ಆದರೆ ಮೈಸೂರು ತಲುಪುವುದು ರಾತ್ರಿ 1ಕ್ಕೆ, ಬಿಲ್ಲು 600ಕ್ಕೆ. ‘12 ದಾಟಿದರೂ ಒಂದೇ ದಿನ’ ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಂಡ ಮೇಲೆಯೇ ಅಡ್ವಾನ್ಸ್.

ಸೀಟಿನ ದರ ಹಾಕುವಾಗ 32 ಸೀಟಿನ ಬಸ್ಸಾದರೆ ಒಟ್ಟು ಖರ್ಚನ್ನು 27ಕ್ಕೆ ಭಾಗಿಸಿ. ಕೊನೆಯ ದಿನ ಕೈಕೊಡುವವರು ಇದ್ದೇ ಇರುತ್ತಾರೆ. ಯಾರೂ ಕೈಕೊಡದಿದ್ದರೆ ಉಳಿದ ದುಡ್ಡು ಮುಂದಿನ ಬಸ್ಸಿಗೆ. ಅರ್ಧ ಹಣ ಮೊದಲೇ, ವಾಪಸ್ ಇಲ್ಲ, ಆದರೆ ಬದಲಿ ವ್ಯಕ್ತಿಯನ್ನು ಕೊಡಬಹುದು. ಲೀಗಿನವರೇ ದಿನಾಂಕ ಬದಲಾಯಿಸಿದರೆ ಮಾತ್ರ ಪೂರ್ತಿ ವಾಪಸ್. ಹಾಗಾಗಿ ಟ್ರಾವೆಲ್ಸ್‌ನವರ ಹತ್ತಿರವೂ ‘ಮ್ಯಾಚ್ ಮುಂದಕ್ಕೆ ಹೋದರೆ ಅಡ್ವಾನ್ಸ್ ಹೊಸ ದಿನಾಂಕಕ್ಕೆ’ ಎಂಬ ಷರತ್ತು ಹಾಕಿಸಿ.

ಚೆನ್ನೈಗೆ ಬಸ್ ದಂಡ. ಮೈಸೂರಿನಿಂದ ರಾತ್ರಿ ಹೊರಡುವ ಕಾವೇರಿ ಎಕ್ಸ್‌ಪ್ರೆಸ್ ಮಂಡ್ಯದಲ್ಲೂ ನಿಲ್ಲುತ್ತದೆ, ಬೆಳಿಗ್ಗೆ ಚೆನ್ನೈ ಸೆಂಟ್ರಲ್. ಅಲ್ಲಿನ ನೆಹರೂ ಸ್ಟೇಡಿಯಂ ಸ್ಟೇಷನ್ನಿನಿಂದ ನಡೆದೇ ಹೋಗುವಷ್ಟು ಹತ್ತಿರ. ತೊಂದರೆ ವಾಪಸ್ಸಿನದು: ಕಾವೇರಿ ಅಲ್ಲಿಂದ ರಾತ್ರಿ 9.15ರ ಹೊತ್ತಿಗೇ ಹೊರಡುತ್ತದೆ, 5 ಗಂಟೆಯ ಮ್ಯಾಚಾದರೆ ಮಾತ್ರ ಸಿಗುತ್ತದೆ. 7.30ರ ಮ್ಯಾಚಿಗೆ 10.50ರ ಬೆಂಗಳೂರು ಮೇಲ್ ಹಿಡಿದು, ಬೆಳಿಗ್ಗೆ ಬೆಂಗಳೂರಿನಿಂದ ಮೈಸೂರು ರೈಲು.

ಟಿಕೆಟ್ಟಿಗೆ ಬರುತ್ತೇನೆ. ಆನ್‌ಲೈನ್‌ನಲ್ಲಿ ಒಬ್ಬೊಬ್ಬರೇ ತೆಗೆದರೆ ಆತಿಥೇಯರ ಅಭಿಮಾನಿಗಳ ನಡುವೆ ಚದುರಿ ಕೂರುತ್ತೀರಿ. ಗೋಲಾದಾಗ ಎದ್ದು ಕೂಗಿದವನ ಸುತ್ತ ಗಲಾಟೆ ಶುರುವಾದರೆ ಸೆಕ್ಯೂರಿಟಿಯವರು ಹೊರಗೆ ಕಳಿಸುವುದು ಆ ಒಬ್ಬನನ್ನು, ಸುತ್ತಲಿನ ಇನ್ನೂರು ಜನರನ್ನಲ್ಲ. ಆದ್ದರಿಂದ ನಮ್ಮ ಕ್ಲಬ್ಬಿನ ಮೂಲಕ ಆತಿಥೇಯ ಕ್ಲಬ್ಬಿಗೆ ಮೊದಲೇ ಪಟ್ಟಿ ಕಳಿಸಬೇಕು: ಹೆಸರು, ವಯಸ್ಸು, ಗುರುತಿನ ಚೀಟಿಯ ಬಗೆ, ಹೆಂಗಸರೆಷ್ಟು, ಮಕ್ಕಳೆಷ್ಟು, ಬಸ್ಸಿನ ನಂಬರು, ತಲುಪುವ ಸಮಯ. ವೇಳಾಪಟ್ಟಿ ಬಂದ ವಾರದಲ್ಲೇ ಅಂದಾಜು ಸಂಖ್ಯೆ, ಮ್ಯಾಚಿಗೆ ಹತ್ತು ದಿನ ಮೊದಲು ಪಕ್ಕಾ ಪಟ್ಟಿ. ಸಂಖ್ಯೆ ಮೊದಲು ತಲುಪಿದರೆ ಒಂದು ಬ್ಲಾಕ್ ಬೇರೆ ಮಾಡುತ್ತಾರೆ. ಟಿಕೆಟ್ ಮಾರಾಟ ಶುರುವಾದ ಮೇಲೆ ಕೇಳಿದರೆ ಆತಿಥೇಯರಿಗೂ ದಾರಿಯಿಲ್ಲ, ನಡುವೆ ಖಾಲಿ ಬಿಡಬೇಕಾದ ಸೀಟುಗಳು ಆಗಲೇ ಮಾರಿಹೋಗಿರುತ್ತವೆ. 18ರ ಒಳಗಿನವರಿಗೆ ಅಪ್ಪ-ಅಮ್ಮನ ಸಹಿಯ ಪತ್ರ, ಜೊತೆಗೆ ಬಸ್ಸಿನಲ್ಲಿ ಅವರ ಹೊಣೆ ಹೊರುವ ದೊಡ್ಡವರ ಹೆಸರು.

ಬ್ಯಾನರ್ ವಿಷಯ ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಸ್ಟೇಡಿಯಂ ಗೇಟಿನಲ್ಲಿ ನಿಂತ ಪೊಲೀಸಿನವರಿಗೆ ಕನ್ನಡ ಬರುವುದಿಲ್ಲ. ಓದಲಾಗದ ಬಟ್ಟೆಯನ್ನು ಅವರು ಒಳಗೆ ಬಿಡುವುದಿಲ್ಲ, ಅದು ತಪ್ಪೂ ಅಲ್ಲ. ಪ್ರತಿ ಬ್ಯಾನರಿನ ಫೋಟೋ, ಉದ್ದ-ಅಗಲ, ಬರಹದ ಅರ್ಥವನ್ನು ಮಲಯಾಳಂ ಅಥವಾ ತಮಿಳಿನಲ್ಲಿ ಮತ್ತು ಇಂಗ್ಲಿಷಿನಲ್ಲಿ ಒಂದೇ ಹಾಳೆಯಲ್ಲಿ ಹಾಕಿ ಪಟ್ಟಿಯ ಜೊತೆಗೇ ಕಳಿಸಿ, ಒಪ್ಪಿಗೆಯ ಉತ್ತರವನ್ನು ಪ್ರಿಂಟ್ ಮಾಡಿಸಿ ಕೈಯಲ್ಲಿಟ್ಟುಕೊಳ್ಳಿ. ಕೋಲು, ಕಬ್ಬಿಣದ ಪೈಪ್ ಬೇಡ. ಅಂಚು ಮಡಿಸಿ ಹೊಲಿಸಿ ನಾಡಾ ಹಾಕಿಸಿದರೆ ಕಂಬಿಗೆ ಕಟ್ಟಬಹುದು. ಅಂಗಡಿಯ ಫ್ಲೆಕ್ಸ್ ಬೇಡ, ಮಡಿಸಿದರೆ ಬಿರುಕು ಬಿಡುತ್ತದೆ. ಕಾಟನ್ ಬಟ್ಟೆಗೆ ಬಣ್ಣ ಹೊಡೆದದ್ದು ಸೀಸನ್ ಪೂರ್ತಿ ಬರುತ್ತದೆ. ಡ್ರಮ್ಮಿನ ಒಂದು ಬದಿ ತೆರೆದಿರಲಿ, ಒಳಗೇನಿದೆ ಎಂದು ನೋಡಲು ಸುಲಭ. ಎರಡೂ ಬದಿ ಮುಚ್ಚಿದ್ದನ್ನು ಗೇಟಿನಲ್ಲೇ ಇಡಿಸಿಕೊಳ್ಳುತ್ತಾರೆ. ದೊಡ್ಡ ಧ್ವಜಗಳಿಗೆ ಇಂಗ್ಲೆಂಡಿನ ಕ್ಲಬ್ಬುಗಳು ಬೆಂಕಿ ಹತ್ತದ ಬಟ್ಟೆಯ ಪ್ರಮಾಣಪತ್ರವನ್ನೇ ಕೇಳುತ್ತವೆ, ನಮ್ಮಲ್ಲಿ ಅಷ್ಟಿಲ್ಲ.

ಗೇಟಿನಲ್ಲಿ ಬಿಡದ ವಸ್ತುಗಳು ಸಾಮಾನ್ಯವಾಗಿ ಒಂದೇ: ನೀರಿನ ಬಾಟಲಿ, ನಾಣ್ಯ, ಪವರ್ ಬ್ಯಾಂಕ್, ಲೈಟರ್, ಹೆಲ್ಮೆಟ್. ಎಲ್ಲವನ್ನೂ ಬಸ್ಸಿನಲ್ಲೇ ಒಂದು ಚೀಲದಲ್ಲಿ ಕಟ್ಟಿಡಿ. ಪವರ್ ಬ್ಯಾಂಕ್ ಇಲ್ಲದ ಕಾರಣ ಫೋನ್ ಸತ್ತು ಟಿಕೆಟ್ಟಿನ ಕ್ಯೂಆರ್ ತೋರಿಸಲಾಗದೆ ನಿಲ್ಲುವವರು ಪ್ರತಿ ಮ್ಯಾಚಿನಲ್ಲೂ ಸಿಗುತ್ತಾರೆ, ಕಾಗದದ ಮೇಲೊಂದು ಪ್ರತಿ ಇರಲಿ. ಕುಡಿದವರನ್ನು ನಾವು ಬಸ್ಸಿಗೇ ಹತ್ತಿಸುವುದಿಲ್ಲ. ಇದರಲ್ಲಿ ಚರ್ಚೆ ಇಲ್ಲ.

ಕೊಚ್ಚಿಯ ಸ್ಟೇಡಿಯಂ ಪಕ್ಕದಲ್ಲೇ ಮೆಟ್ರೋ ನಿಲ್ದಾಣವಿದೆ. ತ್ರಿಶೂರು ಕಡೆಯಿಂದ ಬರುವಾಗ ಆಲುವಾ ಮೊದಲು ಸಿಗುತ್ತದೆ. ಅಲ್ಲಿ ಇಳಿದು ಮೆಟ್ರೋ ಹಿಡಿದರೆ ಊರೊಳಗಿನ ಟ್ರಾಫಿಕ್ ತಪ್ಪಿತು, ಡ್ರೈವರ್‌ಗೂ ನಿದ್ದೆಗೆ ಸಮಯ ಸಿಕ್ಕಿತು. ವಾಪಸ್ಸಿಗೆ ಮಾತ್ರ ಮೆಟ್ರೋ ಬೇಡ. ಸೋತ ಸಾವಿರಾರು ಜನರ ನಡುವೆ ನೀಲಿ ಜೆರ್ಸಿಯಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲುವುದು ಶೌರ್ಯವಲ್ಲ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಸ್ಟೇಡಿಯಂನ ಪ್ಲೇಆಫ್‌ನಲ್ಲಿ ನಮ್ಮ ತಂಡದ ಛೆಟ್ರಿಯ ಫ್ರೀಕಿಕ್ ಗೋಲಿನ ನಂತರ ಕೊಚ್ಚಿಯ ಕ್ಲಬ್ಬಾದ ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರನಡೆದ ಮೇಲೆ ಈ ಎರಡು ಕ್ಲಬ್ಬುಗಳ ನಡುವಿನ ಬಿಸಿ ಹೇಳುವುದೇ ಬೇಡ. ಸ್ಟೇಡಿಯಂ ಖಾಲಿಯಾಗುವ ತನಕ ನಮ್ಮನ್ನು ಬ್ಲಾಕಿನಲ್ಲೇ ಕೂರಿಸಿ, ಆಮೇಲೆ ಬಸ್ ಗೇಟಿಗೆ ಬರಲಿ ಎಂದು ನಾವೇ ಕೇಳುತ್ತೇವೆ.

ಹೀಗೆ ತಡೆದು ಕೂರಿಸುವುದು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಒಳ್ಳೆಯ ಕ್ಲಬ್ಬಿಗೂ ಕಾಟಾಚಾರದ ಕ್ಲಬ್ಬಿಗೂ ವ್ಯತ್ಯಾಸ ಗೊತ್ತಾಗುವುದು ಇಲ್ಲೇ. ಮ್ಯಾಚ್ ಮುಗಿದ ಕೂಡಲೇ ಕ್ಯಾಂಟೀನ್ ಬಾಗಿಲು ಹಾಕಿ, ಶೌಚಾಲಯದ ಲೈಟ್ ಆರಿಸಿ ಸಿಬ್ಬಂದಿ ಮನೆಗೆ ಹೊರಟ ಸ್ಟೇಡಿಯಂ ಕೂಡ ಇದೆ. ಹೆಣ್ಣುಮಕ್ಕಳು ಮೊಬೈಲ್ ಟಾರ್ಚ್ ಹಿಡಿದು ಹೋಗಬೇಕಾಯಿತು. ಈಗ ಪಟ್ಟಿಯ ಜೊತೆ ಒಂದು ಸಾಲು ಸೇರಿಸುತ್ತೇವೆ: ನಮ್ಮ ಬ್ಲಾಕಿನ ನೀರು, ಶೌಚಾಲಯ, ದೀಪ ನಾವು ಹೊರಡುವವರೆಗೆ ಇರಬೇಕು. ಬಸ್ಸಿನಲ್ಲಿ 20 ಲೀಟರಿನ ಎರಡು ಕ್ಯಾನ್ ನೀರು, ಬೆಳಿಗ್ಗೆ ಕಟ್ಟಿಸಿದ ಪುಳಿಯೋಗರೆ ಇಟ್ಟಿರುತ್ತೇವೆ. ಮೂವತ್ತು ಜನಕ್ಕೆ ಮೂರೂವರೆ ಕೆ.ಜಿ. ಅಕ್ಕಿ ಸಾಕು. ಮೊಸರನ್ನ ಬೇಡ, ರಾತ್ರಿ ಹೊತ್ತಿಗೆ ಹುಳಿಯುತ್ತದೆ.

ಆ ‘ಫೋನ್ ಎತ್ತುವ ಮನುಷ್ಯ’ನ ವಿಷಯ. ಯುರೋಪಿನಲ್ಲಿ 2012–13ರಿಂದ ಯುಇಎಫ್‌ಎ ಲೈಸೆನ್ಸ್ ಬೇಕಾದ ಕ್ಲಬ್ ಅಭಿಮಾನಿಗಳ ಸಂಪರ್ಕಕ್ಕೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಲೇಬೇಕು. ಹೊರ ಊರಿನ ಪಂದ್ಯದಲ್ಲಿ ಆತ ತನ್ನ ಜನರ ಜೊತೆಗೇ ಇದ್ದು ಆ ಕಡೆಯ ಸೆಕ್ಯೂರಿಟಿ, ಪೊಲೀಸರೊಡನೆ ಮಾತಾಡುತ್ತಾನೆ. ನಮ್ಮಲ್ಲಿ ಈ ಕೆಲಸ ಸೋಷಿಯಲ್ ಮೀಡಿಯಾ ನೋಡುವ ಹುಡುಗನ ಮೇಲೋ ಟಿಕೆಟ್ ವಿಭಾಗದ ಮೇಲೋ ಬೀಳುವುದೇ ಹೆಚ್ಚು. ಕಿಕಾಫ್ ಹೊತ್ತಿಗೆ ಅವರು ಮೈದಾನದ ಅಂಚಿನಲ್ಲಿ ವಿಡಿಯೊ ಮಾಡುತ್ತಿರುತ್ತಾರೆ, ಫೋನ್ ಎತ್ತುವುದಾದರೂ ಹೇಗೆ? ಬೇರೆ ಕೆಲಸ ಇಲ್ಲದ ಒಬ್ಬರ ಹೆಸರು, ನಂಬರು ಬರವಣಿಗೆಯಲ್ಲಿ ಕೇಳಿ. ನಮ್ಮ ಕಡೆಯಿಂದಲೂ ಇಬ್ಬರದೇ ನಂಬರು: ಒಬ್ಬರು ಬಸ್ಸಿಗೆ, ಒಬ್ಬರು ಬ್ಲಾಕಿಗೆ. ಮೂವತ್ತು ಜನ ಮೂವತ್ತು ಕಡೆಯಿಂದ ಕರೆ ಮಾಡಿದರೆ ಎಂಥ ಒಳ್ಳೆಯವನೂ ಫೋನ್ ಆಫ್ ಮಾಡುತ್ತಾನೆ.

ಅಭಿಮಾನಿಗಳನ್ನು ಬರೀ ಕಾನೂನು-ಸುವ್ಯವಸ್ಥೆಯ ತಲೆನೋವಾಗಿ ಕಂಡರೆ ಏನಾಗುತ್ತದೆ ಎನ್ನುವುದಕ್ಕೆ ಅರ್ಜೆಂಟೀನಾ ಇದೆ, 2013ರಲ್ಲಿ ಒಬ್ಬ ಅಭಿಮಾನಿಯ ಸಾವಿನ ನಂತರ ಅಲ್ಲಿ ಅವೇ ಅಭಿಮಾನಿಗಳಿಗೇ ನಿಷೇಧ ಹಾಕಿದರು. ನೆದರ್ಲೆಂಡ್ಸ್‌ನಲ್ಲಿ ಅಪಾಯ ಹೆಚ್ಚಿರುವ ಪಂದ್ಯಕ್ಕೆ ಕ್ಲಬ್ ಏರ್ಪಡಿಸಿದ ಬಸ್ಸಿನಲ್ಲಿ ಹೋದರಷ್ಟೇ ಟಿಕೆಟ್. ಪೊಲೀಸರಿಗೆ ಅದು ಸಲೀಸು. ಕೊಚ್ಚಿಯಲ್ಲೇ ಕೆಲಸ ಮಾಡುವ ಮಂಡ್ಯದ ಹುಡುಗ ಮ್ಯಾಚ್ ನೋಡಲು ಮೈಸೂರಿಗೆ ಬಂದು ಬಸ್ ಹತ್ತಬೇಕಾದರೆ ಅದೆಂಥ ನ್ಯಾಯ?

ಇನ್ನು ಕಂಠೀರವ. ಲೆಕ್ಕಕ್ಕೆ ನಮ್ಮದೇ ಮೈದಾನ, ಆದರೂ ಮೈಸೂರಿನಿಂದ 145 ಕಿ.ಮೀ. ಬಸ್ ಮಾಡದವರು ಮ್ಯಾಚ್ ಮುಗಿದ ಮೇಲೆ ಕಬ್ಬನ್ ಪಾರ್ಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ ದೀಪಾಂಜಲಿ ನಗರದಲ್ಲಿ ಇಳಿದರೆ ಸ್ಯಾಟಲೈಟ್ ಬಸ್ ನಿಲ್ದಾಣ ಹತ್ತಿರ, ಮೈಸೂರು ಬಸ್ಸು ರಾತ್ರಿಯೆಲ್ಲ ಇರುತ್ತದೆ. ಮಂಡ್ಯದವರು ಹತ್ತುವ ಮೊದಲು ಕಂಡಕ್ಟರ್‌ನನ್ನು ಕೇಳಿ, ಎಕ್ಸ್‌ಪ್ರೆಸ್‌ವೇ ಮೇಲೆ ನಿಲ್ಲಿಸದೆ ಹೋಗುವ ಬಸ್ಸುಗಳಿವೆ. ಬೈಕಿನವರಿಗೆ 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಇಲ್ಲ, ಸರ್ವಿಸ್ ರಸ್ತೆಯೇ ಗತಿ.

ವಾಪಸ್ ಬಂದ ಎರಡು ದಿನದೊಳಗೆ ಕ್ಲಬ್ಬಿಗೆ ಒಂದು ಪುಟದ ಪತ್ರ ಹೋಗಲಿ. ಎಷ್ಟು ಜನ, ಖರ್ಚೆಷ್ಟು, ರಸೀದಿಗಳು, ಎಷ್ಟು ಹೊತ್ತಿಗೆ ಗೇಟ್ ಬಿಟ್ಟರು, ಎಷ್ಟು ಹೊತ್ತು ತಡೆದರು, ಯಾರು ಸಹಾಯ ಮಾಡಿದರು. ಸಹಾಯ ಮಾಡಿದ ಸಿಬ್ಬಂದಿಯನ್ನು ಮೊದಲ ಸಾಲಿನಲ್ಲೇ ನೆನೆಯಿರಿ, ಮುಂದಿನ ಸಲ ಅದೇ ಮನುಷ್ಯ ಸಿಗುತ್ತಾನೆ. ದೂರು ಬರೆಯುವಾಗ ಗೇಟ್ ನಂಬರು, ಗಂಟೆ-ನಿಮಿಷ, ಫೋಟೋ ಮೂರೂ ಇರಲಿ. ‘ನಮ್ಮನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ’ ಎಂದಷ್ಟೇ ಬರೆದರೆ ಉತ್ತರ ಬರುವುದಿಲ್ಲ.