ಕ್ರೂಸ್ ಹಡಗಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ ನನ್ನ ಅನುಭವ

ಕೀಲಿಮಣೆಯಲ್ಲಿ ಎರಡು ಅಕ್ಷರ ಒತ್ತಿದೆ. ಪರದೆಯ ಮೇಲೆ ಏನೂ ಬರಲಿಲ್ಲ. ಬೆರಳು ಸರಿಯಾಗಿ ಬಿದ್ದಿಲ್ಲವೇನೋ ಎಂದು ಮತ್ತೆ ಒತ್ತಿದೆ. ಅಷ್ಟರಲ್ಲಿ ಮೊದಲಿನ ಎರಡೂ ಮೂಡಿದವು, ಅವುಗಳ ಬೆನ್ನಿಗೇ ಇನ್ನೆರಡೂ ಬಂದು ಕೂತು ಕಮಾಂಡ್ ಕೆಟ್ಟಿತು. ಅಳಿಸೋಣ ಎಂದು ಬ್ಯಾಕ್‌ಸ್ಪೇಸ್ ಒತ್ತಿದರೆ ಅದೂ ತಡ. ಎಷ್ಟು ಸಲ ಒತ್ತಿದೆನೋ ಲೆಕ್ಕ ತಪ್ಪಿ, ಬೇಕಾದ್ದೂ ಅಳಿಸಿಹೋಯಿತು. ನನ್ನ ಮೊದಲ ಕ್ರೂಸ್ ಯಾನದ ಎರಡನೇ ದಿನ ಬೆಳಗ್ಗೆ, ದೂರದ ಸರ್ವರ್ ಒಂದಕ್ಕೆ ಲಾಗಿನ್ ಆಗಿ ಐದು ನಿಮಿಷದ ಕೆಲಸ ಮುಗಿಸಲು ನಾನು ಮುಕ್ಕಾಲು ಗಂಟೆ ಹೆಣಗಿದ್ದು ಹೀಗೆ.

ನಾಲ್ಕೈದು ಗಿರಾಕಿಗಳ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ. ರಜೆ ಎಂದು ಹೊರಟರೂ ದಿನಕ್ಕೆ ಒಂದು ಗಂಟೆ ಅದಕ್ಕೆ ತೆಗೆದಿಡಲೇಬೇಕು. ಹಡಗಿನ ವೈಫೈ ನಿಧಾನ ಎಂದು ಎಲ್ಲರೂ ಹೇಳಿದ್ದರು. ಆದರೆ ಆ ಹೊತ್ತಿಗೆ ಸ್ಪೀಡ್ ಟೆಸ್ಟ್ ಮಾಡಿ ನೋಡಿದರೆ ವೇಗ ಅಂಥ ಕೆಟ್ಟದಾಗೇನೂ ಇರಲಿಲ್ಲ. ತೊಂದರೆ ಇದ್ದದ್ದು ವೇಗದಲ್ಲಲ್ಲ, ದೂರದಲ್ಲಿ.

ಆ ಹಡಗಿನ ನೆತ್ತಿಯ ಮೇಲಿದ್ದ ಬಿಳಿ ಗುಮ್ಮಟಗಳೊಳಗಿನ ಡಿಶ್‌ಗಳು ಭೂಸ್ಥಿರ ಉಪಗ್ರಹವನ್ನು, ಅಂದರೆ ನೆಲದಿಂದ ನೋಡಿದರೆ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹವನ್ನು, ನೋಡುತ್ತಿದ್ದವು. ಅಂಥ ಉಪಗ್ರಹ ಇರುವುದು ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿ. ನಾನು ಒತ್ತಿದ ಒಂದು ಅಕ್ಷರ ಅಲ್ಲಿಗೆ ಹತ್ತಿ, ನೆಲದ ಮೇಲಿನ ಕೇಂದ್ರಕ್ಕೆ ಇಳಿದು, ಉತ್ತರವಾಗಿ ಮತ್ತೆ ಹತ್ತಿ ಇಳಿಯಬೇಕು. ಒಟ್ಟು ಸುಮಾರು 1,43,000 ಕಿ.ಮೀ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಎಂದರೂ ಹೋಗಿಬರಲು ಅರ್ಧ ಸೆಕೆಂಡ್ ಹಿಡಿಯುತ್ತದೆ. ಎಷ್ಟು ದುಬಾರಿ ಇಂಟರ್ನೆಟ್ ಪ್ಯಾಕೇಜ್ ಕೊಂಡರೂ ಈ ಅರ್ಧ ಸೆಕೆಂಡ್ ಕಡಿಮೆಯಾಗುವುದಿಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಪಿಂಗ್, ಅಂದರೆ ಹೀಗೆ ಹೋಗಿಬರಲು ಹಿಡಿಯುವ ಹೊತ್ತು, 650 ಮಿಲಿಸೆಕೆಂಡಿನ ಆಸುಪಾಸು ತೋರಿಸುತ್ತಿತ್ತು. ದೊಡ್ಡ ಫೈಲ್ ಒಂದನ್ನು ಇಳಿಸಿಕೊಳ್ಳುವಾಗ ಇದು ಗೊತ್ತೇ ಆಗುವುದಿಲ್ಲ. ಒಂದು ಪುಟಕ್ಕೆ ಹತ್ತಾರು ಸಲ ಹೋಗಿಬರಬೇಕಾದ ವೆಬ್‌ಸೈಟ್ ತೆರೆದಾಗ ಗೊತ್ತಾಗುತ್ತದೆ. ವಿಡಿಯೋ ಕರೆಯಲ್ಲಂತೂ ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿ, ಇಬ್ಬರೂ ಒಟ್ಟಿಗೆ ನಿಲ್ಲಿಸಿ, "ಹೇಳಿ ಹೇಳಿ" ಎಂದು ಮತ್ತೆ ಒಟ್ಟಿಗೇ ಹೇಳುವ ಆಟ.

ಇದು ತಲೆಗೆ ಹೊಕ್ಕ ಮೇಲೆ ನನ್ನ ರೀತಿ ಬದಲಾಯಿಸಿಕೊಂಡೆ. ಸರ್ವರ್ ಮೇಲೆ ಕೂತು ಟೈಪ್ ಮಾಡುವುದನ್ನು ಬಿಟ್ಟೆ. ಫೈಲ್‌ಗಳ ಪ್ರತಿಯೊಂದು ಹೇಗೂ ಲ್ಯಾಪ್‌ಟಾಪ್‌ನಲ್ಲಿ ಇತ್ತು. ಅದನ್ನೇ ತಿದ್ದಿ, ಅಲ್ಲೇ ಓಡಿಸಿ ನೋಡಿ, ಎಲ್ಲ ಸರಿ ಎನಿಸಿದ ಮೇಲೆ ವೈಫೈಗೆ ಹೋಗಿ ಒಂದೇ ಕಮಾಂಡಿನಲ್ಲಿ ಬದಲಾದಷ್ಟನ್ನು ಮಾತ್ರ ಕಳಿಸತೊಡಗಿದೆ. ಮೇಲ್‌ಗೂ ಅದೇ. ಬ್ರೌಸರಿನಲ್ಲಿ ಮೇಲ್ ತೆರೆಯುವ ಬದಲು ಥಂಡರ್‌ಬರ್ಡ್ ಎನ್ನುವ ಮೇಲ್ ತಂತ್ರಾಂಶ ಹಾಕಿಕೊಂಡೆ. ನೆಟ್ ಇಲ್ಲದಾಗ ಹತ್ತು ಪತ್ರಕ್ಕೂ ಉತ್ತರ ಬರೆದು ಇಟ್ಟು, ಸಂಪರ್ಕ ಸಿಕ್ಕ ಕೂಡಲೇ ಬಂದದ್ದನ್ನು ಇಳಿಸಿ, ಬರೆದದ್ದನ್ನು ಕಳಿಸಿ, ಎದ್ದುಬರುವುದು. ಅಂಚೆ ಕಚೇರಿಗೆ ಹೋಗಿ ಪತ್ರ ಬರೆಯುತ್ತ ಕೂರುವವರುಂಟೇ? ಬರೆದದ್ದನ್ನು ಪೆಟ್ಟಿಗೆಗೆ ಹಾಕಿ ಬರಲು ಹೋಗುತ್ತೇವೆ, ಅಷ್ಟೇ.

ಮೊದಲ ಯಾನದಲ್ಲಿ ಪ್ಯಾಕೇಜ್ ಇದ್ದದ್ದು ನಿಮಿಷದ ಲೆಕ್ಕದಲ್ಲಿ. ನಾನು ಪೆಟ್ಟು ತಿಂದದ್ದು ಅಲ್ಲೇ. ಮೂರನೇ ದಿನ ಕೆಲಸ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಿ ಊಟಕ್ಕೆ ಹೋದೆ. ಮುಚ್ಚಿದರೆ ನೆಟ್ ನಿಂತಂತೆ ಎಂದು ನನ್ನ ಎಣಿಕೆ. ಹಡಗಿನ ಸರ್ವರ್ ಪ್ರಕಾರ ನಾನು ಲಾಗೌಟ್ ಆಗಿರಲೇ ಇಲ್ಲ. ಬಂದು ನೋಡಿದರೆ ಉಳಿದಿದ್ದ ನಿಮಿಷಗಳಲ್ಲಿ ಅರ್ಧದಷ್ಟು ಮಾಯ. ಕೌಂಟರಿನ ಹುಡುಗಿ ನಗುನಗುತ್ತಲೇ ಹೇಳಿದಳು, ಲಾಗೌಟ್ ಪುಟಕ್ಕೆ ಹೋಗಿ ಒತ್ತಿದರಷ್ಟೇ ಲೆಕ್ಕ ನಿಲ್ಲುತ್ತದೆ ಎಂದು. ಆಮೇಲೆ ಒಂದು ಚೀಟಿಯಲ್ಲಿ "ಲಾಗೌಟ್ ಆಯ್ತಾ?" ಎಂದು ಬರೆದು ಮುಚ್ಚಳದ ಒಳಗಡೆ ಅಂಟಿಸಿದೆ. ಲಾಗೌಟ್ ಪುಟದ ವಿಳಾಸವನ್ನು ಬುಕ್‌ಮಾರ್ಕ್ ಮಾಡಿಟ್ಟೆ.

ಈಗ ಹೆಚ್ಚಿನ ಕಡೆ ದಿನದ ಲೆಕ್ಕ ಅಥವಾ ಇಡೀ ಯಾನದ ಲೆಕ್ಕ. ಎಷ್ಟು ಸಾಧನ ಎನ್ನುವುದರ ಮೇಲೆ ದರ. ಒಂದು ಸಾಧನದ ಪ್ಯಾಕೇಜ್ ಕೊಂಡರೆ ಲ್ಯಾಪ್‌ಟಾಪ್ ಬೇರೆ, ಫೋನ್ ಬೇರೆ ಎಂದು ಅರ್ಥವಲ್ಲ. ಒಂದು ಹೊತ್ತಿಗೆ ಒಂದು, ಅಷ್ಟೇ. ಅದರಿಂದ ಲಾಗೌಟ್ ಆದರೆ ಇದರಲ್ಲಿ ಲಾಗಿನ್ ಆಗಬಹುದು. ಎರಡನೇ ಯಾನದಲ್ಲಿ ನಾನು ಮತ್ತು ಮಗಳು ಹೀಗೇ ಹಂಚಿಕೊಂಡೆವು. "ಅಪ್ಪಾ, ನಿಂದು ಮುಗೀತಾ?" ಎಂದು ಅವಳು ಹತ್ತು ನಿಮಿಷಕ್ಕೊಮ್ಮೆ ಬಂದು ನಿಲ್ಲುತ್ತಿದ್ದದ್ದೇ ನನಗೆ ಚೀಟಿಗಿಂತ ಒಳ್ಳೆಯ ಎಚ್ಚರಿಕೆಯಾಯಿತು. ಕೊಳ್ಳುವ ಮುನ್ನ ಒಂದು ವಿಷಯ ಕೇಳಿಕೊಳ್ಳಿ: ನಿಮ್ಮ ಆಫೀಸಿನ ವಿಪಿಎನ್ (ಆಫೀಸಿನ ಜಾಲಕ್ಕೆ ಹೋಗುವ ಗುಪ್ತ ದಾರಿ) ಆ ಪ್ಯಾಕೇಜಿನಲ್ಲಿ ನಡೆಯುತ್ತದೆಯೇ? ಅಗ್ಗದ ಪ್ಯಾಕೇಜ್‌ಗಳಲ್ಲಿ ಅದನ್ನು ತಡೆದಿರುವುದುಂಟು. ನನ್ನ ಪುಣ್ಯ, ನನಗೆ ವಿಪಿಎನ್ ಬೇಕಿರಲಿಲ್ಲ.

ಲಾಗಿನ್ ಪುಟವೇ ತೆರೆಯದೆ ಕಾಡಿದ ಕಥೆಯೂ ಒಂದಿದೆ. ವೈಫೈ ಸಿಗ್ನಲ್ ಪೂರ್ತಿ ಇದೆ, ಮಗಳ ಫೋನಿನಲ್ಲಿ ಪುಟ ಬರುತ್ತಿದೆ, ನನ್ನ ಲ್ಯಾಪ್‌ಟಾಪ್‌ನಲ್ಲಿ ಬರೀ ಸುತ್ತುವ ಚಕ್ರ. ಕಾರಣ ನಾನೇ. ವೆಬ್‌ಸೈಟಿನ ಹೆಸರು ಕೊಟ್ಟರೆ ಅದರ ಅಂಕಿ ವಿಳಾಸ ಹುಡುಕಿಕೊಡುವುದು ಡಿಎನ್‌ಎಸ್. ಮನೆಯಲ್ಲಿದ್ದಾಗ ಆ ಜಾಗದಲ್ಲಿ ಗೂಗಲ್‌ನ 8.8.8.8 ಎಂದು ಕೈಯಾರೆ ತುಂಬಿಟ್ಟಿದ್ದೆ. ಹಡಗಿನ ಲಾಗಿನ್ ಪುಟದ ಹೆಸರು ಹಡಗಿನೊಳಗಿನ ಡಿಎನ್‌ಎಸ್‌ಗೆ ಮಾತ್ರ ಗೊತ್ತು. ಲಾಗಿನ್ ಆಗುವ ತನಕ ಹೊರಗಿನದಕ್ಕೆ ದಾರಿಯೇ ಇಲ್ಲ. ಅದನ್ನು ಸ್ವಯಂಚಾಲಿತಕ್ಕೆ ಬದಲಿಸಿದ ಕೂಡಲೇ ಪುಟ ಬಂತು. ನಿಮಗೂ ಹೀಗಾದರೆ ಡಿಎನ್‌ಎಸ್ ಮತ್ತು ವಿಪಿಎನ್ ಎರಡನ್ನೂ ಮೊದಲು ನೋಡಿ. ಇನ್ನೊಂದು ಕಾಟ, ವೈಫೈ ವಿಳಾಸವನ್ನು ಆಗಾಗ ಬದಲಿಸುವ ಖಾಸಗಿತನದ ಸೌಲಭ್ಯ. ಅದು ಚಾಲೂ ಇದ್ದರೆ ಹಡಗಿನ ವ್ಯವಸ್ಥೆಗೆ ನಿಮ್ಮ ಹಳೇ ಲ್ಯಾಪ್‌ಟಾಪೇ ಹೊಸ ಸಾಧನವಾಗಿ ಕಾಣಿಸಬಹುದು. ಆ ಒಂದು ನೆಟ್‌ವರ್ಕಿನ ಮಟ್ಟಿಗೆ ಅದನ್ನು ಆಫ್ ಮಾಡಿಡಿ.

ಲಾಗಿನ್ ಆಗುವ ಮುಂಚೆ ಮಾಡಬೇಕಾದ ಕೆಲಸವೊಂದಿದೆ, ಇದನ್ನು ನಾನು ಎರಡನೇ ಯಾನದಲ್ಲಿ ಕಂಡುಕೊಂಡೆ. ವಿಂಡೋಸ್‌ನಲ್ಲಿ ಡೇಟಾ ಮಿತವಾಗಿ ಬಳಸು ಎಂದು ಹೇಳುವ 'ಮೀಟರ್ಡ್ ಕನೆಕ್ಷನ್' ಗುಂಡಿ ಪ್ರತಿ ವೈಫೈ ಹೆಸರಿಗೂ ಬೇರೆಬೇರೆ. ಮನೆಯಲ್ಲೇ ಒತ್ತಿ ಬಂದರೆ ಹಡಗಿನ ವೈಫೈಗೆ ಅದು ಅನ್ವಯಿಸುವುದಿಲ್ಲ. ಆದರೆ ಹಡಗಿನ ವೈಫೈಗೆ ಸೇರಿಕೊಳ್ಳುವುದು ಪುಕ್ಕಟೆ. ದುಡ್ಡಿನ ಲೆಕ್ಕ ಶುರುವಾಗುವುದು ಲಾಗಿನ್ ಆದ ಮೇಲೆ. ಹಾಗಾಗಿ ಮೊದಲು ಸೇರಿಕೊಂಡು, ಮೀಟರ್ಡ್ ಗುಂಡಿ ಒತ್ತಿ, ಆಮೇಲೆ ಲಾಗಿನ್. ಮ್ಯಾಕ್ ಇದ್ದವರಿಗೆ ಅಂಥದ್ದೇ 'ಲೋ ಡೇಟಾ ಮೋಡ್' ಇದೆ. ಇಷ್ಟಾದರೂ ಒನ್‌ಡ್ರೈವ್, ಡ್ರಾಪ್‌ಬಾಕ್ಸ್, ಫೋಟೋ ಬ್ಯಾಕಪ್ ಇವನ್ನೆಲ್ಲ ಕೈಯಾರೆ ನಿಲ್ಲಿಸಿ. ಸೂರ್ಯಾಸ್ತದ ಇನ್ನೂರು ಫೋಟೋಗಳನ್ನು ಲ್ಯಾಪ್‌ಟಾಪಿಗೆ ಹಾಕಿ ಅವು ಹಿಂಬಾಗಿಲಿನಿಂದ ಕ್ಲೌಡ್‌ಗೆ ಹತ್ತುತ್ತಿದ್ದದ್ದು ನನಗೆ ಗೊತ್ತಾದದ್ದು ಬಹಳ ಹೊತ್ತಾದ ಮೇಲೆ. ಹೊರಡುವ ಹಿಂದಿನ ರಾತ್ರಿ ಅಪ್‌ಡೇಟ್‌ಗಳನ್ನೆಲ್ಲ ಮುಗಿಸಿಕೊಂಡು, ಬೇಕಾದ ಕಡತ, ನಕ್ಷೆ, ಕೈಪಿಡಿ, ಹಡಗಿನ ಕಂಪನಿಯ ಆ್ಯಪ್ ಎಲ್ಲವನ್ನೂ ಇಳಿಸಿಟ್ಟುಕೊಂಡರೆ ಅರ್ಧ ತಲೆನೋವು ಕಡಿಮೆ.

ಒಟಿಪಿ ವಿಚಾರವನ್ನು ಯಾರೂ ಮೊದಲೇ ಹೇಳುವುದಿಲ್ಲ. ನಡುಗಡಲಲ್ಲಿ ನಿಮ್ಮ ಫೋನಿಗೆ ಎಸ್‌ಎಂಎಸ್ ಬರಬೇಕಾದರೆ ಸಾಮಾನ್ಯವಾಗಿ ಮೊಬೈಲ್ ನೆಟ್‌ವರ್ಕ್ ಬೇಕು. ಹಡಗಿನ ಒಳಗೇ ಒಂದು ಮೊಬೈಲ್ ನೆಟ್‌ವರ್ಕ್ ಇರುತ್ತದೆ, ಫೋನ್ ತಾನಾಗಿಯೇ ಅದಕ್ಕೆ ಅಂಟಿಕೊಳ್ಳುತ್ತದೆ, ಅದರ ರೋಮಿಂಗ್ ದರ ನೆಲದ ಮೇಲಿನ ರೋಮಿಂಗಿಗಿಂತ ಬಹಳ ಜಾಸ್ತಿ. ಅದಕ್ಕೇ ಹಡಗು ಹತ್ತಿದ ಕೂಡಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ವೈಫೈ ಮಾತ್ರ ಚಾಲೂ ಮಾಡುವುದು. ಹಾಗೆ ಮಾಡಿದಾಗ ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿ ಸಾಮಾನ್ಯವಾಗಿ ಸಿಗುವುದಿಲ್ಲ. ಅದೂ ಸಾಲದೆಂಬಂತೆ, ಹಡಗಿನ ಇಂಟರ್ನೆಟ್ ನೆಲಕ್ಕಿಳಿಯುವುದು ಎಲ್ಲೋ ಬೇರೆ ದೇಶದ ಕೇಂದ್ರದಲ್ಲಿ. ನಿಮ್ಮ ಮೇಲ್ ಖಾತೆಗೆ ನೀವು ಇದ್ದಕ್ಕಿದ್ದಂತೆ ಆ ದೇಶದಿಂದ ಬಂದವರಂತೆ ಕಾಣಿಸಿ, ಗುರುತು ತೋರಿಸಿ ಎನ್ನುತ್ತದೆ. ನಾನು ಮೊದಲ ಯಾನದಲ್ಲಿ ನನ್ನದೇ ಖಾತೆಯ ಹೊರಗೆ ಎರಡು ದಿನ ನಿಂತಿದ್ದೆ. ಈಗ ಸಾಧ್ಯವಿದ್ದ ಕಡೆಯೆಲ್ಲ ಆಥೆಂಟಿಕೇಟರ್ ಆ್ಯಪ್ ಹಾಕಿದ್ದೇನೆ. ಅದರ ಆರು ಅಂಕಿ ಫೋನಿನಲ್ಲೇ ಇಟ್ಟಿರುವ ಗುಟ್ಟಿನ ಕೀಲಿ ಮತ್ತು ಫೋನಿನ ಗಡಿಯಾರದಿಂದ ಹುಟ್ಟುವುದರಿಂದ ಅದಕ್ಕೆ ನೆಟ್ ಬೇಕಿಲ್ಲ. ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಪಾಸ್‌ಪೋರ್ಟ್ ಜೊತೆ ಇಡುತ್ತೇನೆ.

ಲ್ಯಾಪ್‌ಟಾಪನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ತೆಗೆದುಕೊಳ್ಳುತ್ತಾರೆ, ಅವು ಕ್ಯಾಬಿನ್ ಮುಟ್ಟುವಾಗ ಸಂಜೆಯಾಗಬಹುದು. ಎಕ್ಸ್‌ಟೆನ್ಷನ್ ಬೋರ್ಡ್ ಒಯ್ಯುವ ಮುಂಚೆ ಹಡಗಿನ ನಿಯಮ ಓದಿ. ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ದಿಢೀರನೆ ಏರಿದರೆ ತಡೆಯುವ ಭಾಗ) ಇರುವಂಥದ್ದನ್ನು ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ, ನನ್ನದನ್ನೂ ಇಟ್ಟುಕೊಂಡರು, ಇಳಿಯುವ ದಿನ ವಾಪಸ್ ಕೊಟ್ಟರು. ಹಡಗಿನ ವಿದ್ಯುತ್ ವ್ಯವಸ್ಥೆ ಮನೆಯಂತಲ್ಲ, ಅಂಥ ಸಾಧನ ಅಲ್ಲಿ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ ಎನ್ನುವುದು ಕಾರಣ. ಕ್ಯಾಬಿನ್ನಿನಲ್ಲಿ ಸಾಮಾನ್ಯವಾಗಿ ಅಮೆರಿಕದ ಚಪ್ಪಟೆ ಪಿನ್ನಿಗೊಂದು, ಯುರೋಪಿನ ದುಂಡು ಪಿನ್ನಿಗೊಂದು ಜಾಗ ಇರುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ಮೇಲೆ 100–240 ವೋಲ್ಟ್ ಎಂದಿದ್ದರೆ ಎರಡಕ್ಕೂ ನಡೆಯುತ್ತದೆ, ಪಿನ್ ಬದಲಿಸುವ ಅಡಾಪ್ಟರ್ ಸಾಕು. ಇನ್ನೊಂದು, ಬಾಗಿಲ ಬಳಿ ಕಾರ್ಡ್ ಸಿಕ್ಕಿಸುವ ಹಡಗಾದರೆ, ಕಾರ್ಡ್ ತೆಗೆದ ಮೇಲೂ ಯಾವ ಪ್ಲಗ್ಗಿನಲ್ಲಿ ಕರೆಂಟ್ ಉಳಿಯುತ್ತದೆ ಎಂದು ಮೊದಲ ದಿನವೇ ನೋಡಿಕೊಳ್ಳಿ. ನಮ್ಮದರಲ್ಲಿ ಮೇಜಿನದು ಉಳಿಯುತ್ತಿತ್ತು, ಮಂಚದ ಪಕ್ಕದ್ದು ಹೋಗುತ್ತಿತ್ತು.

ಕೂರುವ ಜಾಗದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಡೆಕ್ ಮೇಲೆ ಬೇಡ. ಕಡಲಿಗೆ ಮುಖ ಮಾಡಿ ಲ್ಯಾಪ್‌ಟಾಪ್ ಬಡಿಯುವ ಚಿತ್ರ ಜಾಹೀರಾತಿಗೆ ಚೆನ್ನ. ಬಿಸಿಲಿಗೆ ಪರದೆ ಕಾಣುವುದಿಲ್ಲ, ಗಾಳಿಯಲ್ಲಿ ಉಪ್ಪು, ಎಸಿಯ ತಂಪಿನಿಂದ ನೇರ ಹೊರಗೆ ತಂದರೆ ಮುಚ್ಚಳದ ಮೇಲೆ ನೀರಿನ ಹನಿ ಕೂರುತ್ತದೆ. ಕ್ಯಾಬಿನ್ನಿನ ಗೋಡೆಗಳು ಉಕ್ಕಿನವು, ಸಿಗ್ನಲ್ ಒಳಗೆ ಬರಲು ಹೆಣಗುತ್ತದೆ. ನಮ್ಮ ಕ್ಯಾಬಿನ್ನಿನಲ್ಲಿ ಮಂಚದ ತಲೆಗಡೆ ಒಂದು ಗೆರೆ ಸಿಗ್ನಲ್ ಇದ್ದರೆ ಬಾಗಿಲ ಹತ್ತಿರ ಮೂರು, ಯಾಕೆಂದರೆ ವೈಫೈ ಡಬ್ಬಿ ಇದ್ದದ್ದು ಓಣಿಯ ಚಾವಣಿಯಲ್ಲಿ. ಕೊನೆಗೆ ನನಗೆ ಹಿಡಿಸಿದ್ದು ಕೆಳಗಿನ ಡೆಕ್ಕಿನಲ್ಲಿ, ಹಡಗಿನ ನಡುಮಧ್ಯದ ಗ್ರಂಥಾಲಯದ ಮೂಲೆ. ತೊಟ್ಟಿಲಿನಂತೆ ತೂಗುವ ಹಡಗಿನಲ್ಲಿ ಓಲಾಟ ಅತಿ ಕಡಿಮೆ ಇರುವುದೂ ಆ ನಡುಭಾಗದಲ್ಲೇ. ಅಲೆ ಎದ್ದ ದಿನ ಪರದೆ ನೋಡುತ್ತ ಕೂತರೆ ವಾಕರಿಕೆ ಗ್ಯಾರಂಟಿ. ಕಣ್ಣು ಸ್ಥಿರವಾದದ್ದನ್ನು ನೋಡುತ್ತಿದೆ, ಕಿವಿಯೊಳಗಿನ ಸಮತೋಲನದ ಅಂಗ ಅಲ್ಲಾಡುತ್ತಿದ್ದೇವೆ ಎನ್ನುತ್ತಿದೆ. ಅಂಥ ದಿನ ನಾನು ಹತ್ತು ನಿಮಿಷಕ್ಕೊಮ್ಮೆ ಎದ್ದು ಕಿಟಕಿಯಲ್ಲಿ ದಿಗಂತ ನೋಡಿ ಬರುತ್ತಿದ್ದೆ. ಒಂದು ರಾತ್ರಿ ಲ್ಯಾಪ್‌ಟಾಪ್ ಮೇಜಿನ ಅಂಚಿನ ತನಕ ಜಾರಿದ್ದು ಕಂಡು, ಮಲಗುವಾಗ ಅದನ್ನು ನೆಲದ ಮೇಲೇ ಇಡತೊಡಗಿದೆ.

ಎರಡನೇ ಯಾನದ ಹಡಗಿನಲ್ಲಿ ಸ್ಟಾರ್‌ಲಿಂಕ್, ಅಂದರೆ ಭೂಮಿಗೆ ಹತ್ತಿರದಲ್ಲಿ ಸುತ್ತುವ ಉಪಗ್ರಹಗಳ ಇಂಟರ್ನೆಟ್, ಇತ್ತು. ರಾಯಲ್ ಕೆರಿಬಿಯನ್ ತನ್ನ ಹಡಗುಗಳಿಗೆಲ್ಲ ಇದನ್ನು ಹಾಕುವುದಾಗಿ 2022ರ ಆಗಸ್ಟಿನಲ್ಲಿ ಘೋಷಿಸಿದ ಮೇಲೆ ಉಳಿದ ದೊಡ್ಡ ಕಂಪನಿಗಳೂ ಒಂದೊಂದಾಗಿ ಆ ದಾರಿ ಹಿಡಿದಿವೆ. ಆಗ ಈ ಉಪಗ್ರಹಗಳು ಇದ್ದದ್ದು ಸುಮಾರು 550 ಕಿ.ಮೀ. ಎತ್ತರದಲ್ಲಿ. ನನ್ನ ಪಿಂಗ್ 650ರಿಂದ 70ರ ಸುತ್ತಮುತ್ತಕ್ಕೆ ಇಳಿಯಿತು. ಒತ್ತಿದ ಅಕ್ಷರ ಒತ್ತಿದ ಕೂಡಲೇ ಮೂಡಿತು. ಮೊದಲ ಬಾರಿಗೆ ನಡುಗಡಲಲ್ಲಿ ಗಿರಾಕಿಯೊಬ್ಬರ ಜೊತೆ ವಿಡಿಯೋದಲ್ಲಿ ಮಾತಾಡಿದೆ, ನಾನು ಹಡಗಿನಲ್ಲಿದ್ದೇನೆ ಎಂದು ಅವರಿಗೆ ಗೊತ್ತಾಗಲೂ ಇಲ್ಲ. ಹಾಗೆಂದು ಹಳೇ ಅಭ್ಯಾಸ ಬಿಡಲಿಲ್ಲ. ಸಾವಿರಾರು ಜನ ಒಂದೇ ಕೊಳವೆಯಿಂದ ಕುಡಿಯುವಾಗ, ಅದರಲ್ಲೂ ಇಡೀ ದಿನ ದಡ ಕಾಣದ ದಿನಗಳ ಸಂಜೆ, ಎಂಥ ಉಪಗ್ರಹವಿದ್ದರೂ ನೆಟ್ ತೆವಳುತ್ತದೆ. ನನಗೆ ಸಿಕ್ಕ ಒಳ್ಳೆಯ ಹೊತ್ತು ಎರಡು: ಬೆಳಗಿನ ಐದೂವರೆ, ಮತ್ತು ಹಡಗು ಬಂದರಿನಲ್ಲಿ ನಿಂತು ಎಲ್ಲರೂ ಊರು ನೋಡಲು ಇಳಿದುಹೋದ ಮೇಲೆ.

ಬಂದರಿನಲ್ಲಿ ಪುಕ್ಕಟೆ ವೈಫೈ ಬೇಕಾದರೆ ಹಡಗಿನ ಸಿಬ್ಬಂದಿ ಎಲ್ಲಿಗೆ ಹೋಗುತ್ತಾರೋ ನೋಡಿ ಅವರ ಹಿಂದೆ ಹೋಗಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮನೆಯವರೊಂದಿಗೆ ಮಾತಾಡುತ್ತ ಕೂತ ನಾಲ್ಕು ಜನ ಕಂಡರೆ ಅದೇ ಜಾಗ. ನಾನೂ ಹಾಗೇ ಒಂದು ಕಾಫಿ ಅಂಗಡಿ ಹಿಡಿದು, ದೊಡ್ಡದೊಂದು ಬ್ಯಾಕಪ್ ಫೈಲ್ ಏರಿಸಲು ಹಚ್ಚಿ ಕೂತೆ. ಎಲ್ಲರೂ ಹಡಗಿನಲ್ಲಿರಬೇಕಾದ ಹೊತ್ತು ನಾಲ್ಕೂವರೆ. ಲ್ಯಾಪ್‌ಟಾಪ್ ಗಡಿಯಾರ 3:35 ತೋರಿಸುತ್ತಿತ್ತು, ಫೈಲ್ ಶೇಕಡಾ 92 ಏರಿತ್ತು. ಪಕ್ಕದಲ್ಲಿದ್ದ ಸಿಬ್ಬಂದಿಯೆಲ್ಲ ಎದ್ದುಹೋಗಿದ್ದು ಆಗ ಕಣ್ಣಿಗೆ ಬಿತ್ತು. ಹಡಗು ತನ್ನದೇ ಸಮಯ ಇಟ್ಟುಕೊಂಡಿರುತ್ತದೆ, ಅದು ಬಂದರಿನ ಸಮಯವೇ ಆಗಿರಬೇಕಿಲ್ಲ. ದಡದ ವೈಫೈ ಸಿಕ್ಕಿದ ಕೂಡಲೇ ನನ್ನ ಲ್ಯಾಪ್‌ಟಾಪ್ ತಾನೇ ಜಾಣನಂತೆ ಆ ಊರಿನ ಸಮಯಕ್ಕೆ ಒಂದು ಗಂಟೆ ಹಿಂದೆ ಸರಿದಿತ್ತು. ಹಡಗಿನ ಸಮಯಕ್ಕೇ ಇದ್ದ ಕೈಗಡಿಯಾರದಲ್ಲಿ 4:35.

ಮುಚ್ಚಳ ಮುಚ್ಚುವಷ್ಟೂ ಪುರುಸೊತ್ತಿಲ್ಲದೆ ಲ್ಯಾಪ್‌ಟಾಪ್ ಎದೆಗವಚಿಕೊಂಡು ಓಡಿದೆ. ಏಣಿಯ ಬುಡದಲ್ಲಿ ನಿಂತಿದ್ದವನು ನನ್ನ ಕಾರ್ಡ್ ನೋಡಿ, ಗಡಿಯಾರ ನೋಡಿ, ತೆರೆದ ಪರದೆಯನ್ನೂ ಒಮ್ಮೆ ನೋಡಿ ಒಳಗೆ ಬಿಟ್ಟ. ಮೇಲೆ ಮಗಳು ಕಾಯುತ್ತಿದ್ದಳು. "ಅಪ್ಪಾ, ಈಗ ನನ್ನ ಸರದಿ" ಎಂದಳು. ಅವಳದು ಮುಗಿದ ಮೇಲೆ, ರಾತ್ರಿ ಹನ್ನೊಂದಕ್ಕೆ, ಫೈಲನ್ನು ಮತ್ತೆ ಸೊನ್ನೆಯಿಂದ ಹಚ್ಚಿದೆ.