ಮಲಗಿಸಿದ ತುಂಡು, ನಿಲ್ಲಿಸಿದ ತುಂಡು

ತ್ರೀಡಿ ಪ್ರಿಂಟಿಂಗ್‌ನಲ್ಲಿ ಪ್ರಾಜೆಕ್ಟ್ ಮಾಡ್ತೀವಿ ಅಂತ ಬರುವ ಹುಡುಗರಿಗೆ ನಾನು ಮೊದಲು ಎರಡು ತುಂಡು ಕೊಡುತ್ತೇನೆ. ಎರಡೂ ಪ್ಲಾಸ್ಟಿಕ್ ತಂತಿಯ ಒಂದೇ ಸುರುಳಿಯಿಂದ, ಒಂದೇ ಪ್ರಿಂಟರ್‌ನಲ್ಲಿ, ಒಂದೇ ಅಳತೆಗೆ ಬಂದವು. ಒಂದನ್ನು ಬೆಡ್ ಮೇಲೆ ಮಲಗಿಸಿ ಮುದ್ರಿಸಿದ್ದು, ಇನ್ನೊಂದನ್ನು ನಿಲ್ಲಿಸಿ. ಕೈಯಲ್ಲೇ ಬಗ್ಗಿಸಿ ನೋಡಿ ಅಂತೀನಿ. ಮಲಗಿಸಿದ್ದು ಬಾಗುತ್ತದೆ, ಸತಾಯಿಸುತ್ತದೆ. ನಿಲ್ಲಿಸಿದ್ದು ಪಟ್ ಅಂತ ಎರಡಾಗುತ್ತದೆ, ಮುರಿದ ಜಾಗ ಬ್ಲೇಡಿನಲ್ಲಿ ಕೊಯ್ದಷ್ಟು ನೇರ. ಹಾಗಾದರೆ ಈ ಪ್ಲಾಸ್ಟಿಕ್ಕಿನ ಬಲ ಎಷ್ಟು? ಸುರುಳಿಯ ಡಬ್ಬದ ಮೇಲೆ ಒಂದೇ ಒಂದು ಸಂಖ್ಯೆ ಅಚ್ಚಾಗಿರುತ್ತದಲ್ಲ, ಅದು ಯಾವ ತುಂಡಿನದು?

ಮಂಡ್ಯದ ಒಂದು ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುತ್ತಲೇ ನಾನು ಪಿಎಚ್‌ಡಿ ಮುಗಿಸಿದೆ. ವಿಷಯ, ಕಬ್ಬಿನ ಸಿಪ್ಪೆಯ ಪುಡಿ ಬೆರೆಸಿದ ಪಿಎಲ್‌ಎ ಪ್ಲಾಸ್ಟಿಕ್ಕಿನ ಫಿಲಮೆಂಟ್, ಅಂದರೆ ಪ್ರಿಂಟರ್‌ಗೆ ಹಾಕುವ ತಂತಿ. ಪಿಎಲ್‌ಎ ಕೂಡ ಮೂಲದಲ್ಲಿ ಸಕ್ಕರೆಯ ವಂಶದ್ದೇ. ಜೋಳದ ಪಿಷ್ಟವನ್ನೋ ಕಬ್ಬಿನ ಸಕ್ಕರೆಯನ್ನೋ ಹುದುಗಿಸಿ ಲ್ಯಾಕ್ಟಿಕ್ ಆಮ್ಲ ಮಾಡಿ, ಅದರಿಂದ ಪಾಲಿಮರ್ ಕಟ್ಟುತ್ತಾರೆ. ಮಂಡ್ಯದಲ್ಲಿ ಕೂತವನಿಗೆ ಬೇರೆ ವಿಷಯ ಹೊಳೆಯದಿದ್ದುದರಲ್ಲಿ ಆಶ್ಚರ್ಯವೇನಿಲ್ಲ.

ನಮ್ಮಂಥ ಕಾಲೇಜಿಗೆ ಈ ಯಂತ್ರ ಬಂದದ್ದಕ್ಕೂ ಒಂದು ಕಾರಣವಿದೆ. ಪ್ಲಾಸ್ಟಿಕ್ ತಂತಿ ಕರಗಿಸಿ ಪದರದ ಮೇಲೆ ಪದರ ಹಾಕುವ ಈ ವಿಧಾನಕ್ಕೆ ಸ್ಕಾಟ್ ಕ್ರಂಪ್ 1989ರಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದರು. 2009ರಲ್ಲಿ ಆ ಪೇಟೆಂಟ್ ಅವಧಿ ಮುಗಿಯಿತು. ಅಷ್ಟರಲ್ಲಿ ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ 2005ರಲ್ಲಿ ಶುರುಮಾಡಿದ್ದ, ಯಾರು ಬೇಕಾದರೂ ಕಟ್ಟಿಕೊಳ್ಳಬಹುದಾದ ಪ್ರಿಂಟರಿನ ರೆಪ್‌ರ್‍ಯಾಪ್ ಯೋಜನೆಯ ನಕ್ಷೆಗಳು ಎಲ್ಲರ ಕೈಗೂ ಸಿಗುವಂತಾಗಿದ್ದವು. ಯಂತ್ರದ ಬೆಲೆ ಇಳಿಯಿತು, ಇಲಾಖೆಯ ಬಜೆಟ್ಟಿಗೆ ಎಟುಕಿತು.

ಸಿಪ್ಪೆಗೆ ಹೋಗಿದ್ದು ಪಾಂಡವಪುರದ ಕಡೆಯ ಒಂದು ಆಲೆಮನೆಗೆ. ಯಜಮಾನರು ನಕ್ಕರು. "ಎಷ್ಟ್ ಬೇಕಾದ್ರೂ ತುಂಬ್ಕೊಂಡೋಗಪ್ಪ, ಒಲೆಗಾಕೋದಲ್ವಾ ಅದು!" ಅಂಗಳದಲ್ಲಿ ಒಣಗಿದ ಸಿಪ್ಪೆಯನ್ನು ಗೋಣಿಚೀಲಕ್ಕೆ ತುಂಬಿ ತಂದು ಲ್ಯಾಬಿನ ಮೂಲೆಯಲ್ಲಿಟ್ಟರೆ, ಬೆಳಗಾಗುವಷ್ಟರಲ್ಲಿ ಇರುವೆ ಸಾಲು. ಇರುವೆ ಹೇಳಿದ್ದು ಮುಖ್ಯವಾದ ವಿಷಯ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬನ್ನು ಸಾಲು ಸಾಲು ಗಿರಣಿಗಳಲ್ಲಿ ಹಿಂಡುತ್ತಾರೆ, ನಡುವೆ ನೀರು ಬಿಟ್ಟು ಮತ್ತೆ ಹಿಂಡುತ್ತಾರೆ. ಆಲೆಮನೆಯ ಗಾಣ ಅಷ್ಟು ಹಿಂಡುವುದಿಲ್ಲ, ಸಿಪ್ಪೆಯಲ್ಲಿ ಹಾಲು ಉಳಿದಿರುತ್ತದೆ. ಆ ಸಕ್ಕರೆ, ಪ್ಲಾಸ್ಟಿಕ್ ಕರಗಿ ಹೊರಬರುವ 190 ಡಿಗ್ರಿಯ ನಾಝಲ್‌ನಲ್ಲಿ ಕಂದಿ, ಕರಿಯಾಗಿ, ಬಾಯಿ ಕಟ್ಟಿಸುತ್ತದೆ. ಆದ್ದರಿಂದ ಬಿಸಿನೀರಿನಲ್ಲಿ ತೊಳೆಯುವ ಕೆಲಸ ಮೊದಲು. ಆಮೇಲೆ ಶೇ. 5ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಹಾಕಿ, ಕ್ಷಾರ ಹೋಗುವವರೆಗೆ ಮತ್ತೆ ತೊಳೆದು, ಓವನ್‌ನಲ್ಲಿ ಒಣಗಿಸಿ, ಬೀಸಿ, 75 ಮೈಕ್ರಾನ್ ಜರಡಿ ಹಿಡಿಯುವುದು. ಕಾಸ್ಟಿಕ್ ಸೋಡಾ ಯಾಕೆಂದರೆ ನಾರಿನ ಮೇಲೆ ಅಂಟಿನಂತಿರುವ ಲಿಗ್ನಿನ್, ಹೆಮಿಸೆಲ್ಯುಲೋಸ್ ಸ್ವಲ್ಪ ಕಳಚಿ ಮೈ ಒರಟಾಗುತ್ತದೆ, ಪ್ಲಾಸ್ಟಿಕ್ ಕಚ್ಚಿಕೊಳ್ಳಲು ಜಾಗ ಸಿಗುತ್ತದೆ. ನಾರಿಗೆ ನೀರೆಂದರೆ ಪ್ರೀತಿ, ಪಿಎಲ್‌ಎಗೆ ಅಲರ್ಜಿ. ಈ ಸಂಬಂಧ ಕುದುರಿಸುವುದಕ್ಕೇ ಅರ್ಧ ಪ್ರಬಂಧ ಹಿಡಿಯಿತು.

ಉಷ್ಣಾಂಶದಲ್ಲಿ ಆಟವಾಡಲು ಜಾಗ ಕಡಿಮೆ. ಪಿಎಲ್‌ಎ ಕರಗಿ ಸಲೀಸಾಗಿ ಹರಿಯಲು 190 ಆದರೂ ಬೇಕು. 220 ದಾಟಿದರೆ ಹೆಮಿಸೆಲ್ಯುಲೋಸ್ ಒಡೆಯಲು ಶುರು, ಲ್ಯಾಬ್ ತುಂಬ ಬೆಲ್ಲ ಸೀದ ವಾಸನೆ. ನಾಝಲ್ ಮಾಮೂಲಿನ 0.4 ಮಿಲಿಮೀಟರಿನದು ಸಾಲದು, 0.6 ಹಾಕಿಕೊಳ್ಳಬೇಕು. ಹಿತ್ತಾಳೆಯದಂತೂ ಬೇಡ. ಕಬ್ಬಿನ ಸಿಪ್ಪೆಯಲ್ಲಿ ಸಿಲಿಕಾ ಇರುತ್ತದೆ, ಮೆಲ್ಲಗೆ ತೂತನ್ನು ಅರೆದು ದೊಡ್ಡದು ಮಾಡುತ್ತದೆ. ತೂತು ದೊಡ್ಡದಾದದ್ದು ಕಣ್ಣಿಗೆ ಕಾಣುವುದಿಲ್ಲ. ಕೊನೆಯ ತುಂಡುಗಳು ಮೊದಲಿನವಕ್ಕಿಂತ ದಪ್ಪ ಬಂದು, ಗ್ರಾಫ್ ಮಾತ್ರ ಏನೋ ಹೊಸ ಸಂಶೋಧನೆಯ ಹಾಗೆ ಕಾಣುತ್ತದೆ. ಗಟ್ಟಿ ಉಕ್ಕಿನ ನಾಝಲ್ಲೇ ಸರಿ.

ಇನ್ನು ತೇವ. ಮಳೆಗಾಲದಲ್ಲಿ, ಸುತ್ತ ನಾಲೆ ನೀರು ನಿಂತ ಗದ್ದೆಗಳಿರುವ ಊರಿನಲ್ಲಿ, ಬಿಚ್ಚಿಟ್ಟ ಸುರುಳಿ ರಾತ್ರಿ ಕಳೆಯುವುದರಲ್ಲಿ ನೀರು ಕುಡಿದಿರುತ್ತದೆ. ಮುದ್ರಿಸುವಾಗ ನಾಝಲ್ ತುದಿಯಲ್ಲಿ ಚಟಚಟ ಸದ್ದು ಕೇಳಿದರೆ ಒಳಗೆ ನೀರು ಆವಿಯಾಗುತ್ತಿದೆ ಎಂದರ್ಥ. ಗುಳ್ಳೆ ಏಳುವುದು ಒಂದು ತೊಂದರೆ ಅಷ್ಟೆ. ಕರಗಿದ ಪಿಎಲ್‌ಎಯ ಉದ್ದ ಸರಪಳಿಗಳನ್ನು ನೀರು ಕತ್ತರಿಸುತ್ತದೆ, ಮೇಲ್ನೋಟಕ್ಕೆ ಚೆಂದವಾಗಿ ಬಂದ ತುಂಡೂ ಒಳಗೆ ಬಡಕಲಾಗಿರುತ್ತದೆ. ನಮ್ಮ ಲ್ಯಾಬಿನಲ್ಲಿ ಈಗ ನಿಯಮವಿದೆ. ಸುರುಳಿಯನ್ನು 50 ಡಿಗ್ರಿಯ ಆಸುಪಾಸಿನಲ್ಲಿ ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬದಿಂದಲೇ ಪ್ರಿಂಟರ್‌ಗೆ ತಂತಿ ಬಿಡಬೇಕು. 60ರ ಹತ್ತಿರ ಹೋದರೆ ಪಿಎಲ್‌ಎ ಮೆತ್ತಗಾಗಿ ಸುತ್ತುಗಳು ಒಂದಕ್ಕೊಂದು ಅಂಟುತ್ತವೆ.

ಕರೆಂಟ್ ಹೋದರೆ ಪ್ರಿಂಟರ್ ನಿಂತ ಜಾಗ ನೆನಪಿಟ್ಟುಕೊಂಡು, ಬಂದ ಮೇಲೆ ಮುಂದುವರಿಸುತ್ತದೆ. ಹೂಕುಂಡ ಮಾಡುವವರಿಗೆ ಅದು ವರ, ಸಂಶೋಧನೆಗೆ ಅಲ್ಲ. ತಣ್ಣಗಾದ ಪದರದ ಮೇಲೆ ಬಿಸಿ ಪದರ ಬಿದ್ದರೆ ಸರಿಯಾಗಿ ಬೆಸೆಯದು, ತುಂಡು ಆ ಗೆರೆಯಲ್ಲೇ ಮುರಿಯುತ್ತದೆ. ಅರ್ಧಕ್ಕೆ ನಿಂತದ್ದನ್ನು ಕಸದ ಬುಟ್ಟಿಗೆ ಹಾಕುವ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು.

ನಿಲ್ಲಿಸಿದ ತುಂಡಿನ ಕಥೆಯೂ ಇದೇ. ಮಲಗಿಸಿದಾಗ ಎಳೆತವು, ಕರಗಿ ಹರಿದ ಎಳೆಗಳ ಉದ್ದಕ್ಕೆ ಬೀಳುತ್ತದೆ, ನಿಲ್ಲಿಸಿದಾಗ ಪದರ ಪದರಗಳ ನಡುವಿನ ಬೆಸುಗೆಯ ಮೇಲೆ. ಹೊಸ ಪದರ ಬಿದ್ದಾಗ ಕೆಳಗಿನದು 60 ಡಿಗ್ರಿಗಿಂತ ಮೇಲೆ ಎಷ್ಟು ಹೊತ್ತು ಇರುತ್ತದೋ ಅಷ್ಟೇ ಹೊತ್ತು ಎರಡರ ಸರಪಳಿಗಳೂ ಒಂದರೊಳಗೊಂದು ಹೆಣೆದುಕೊಳ್ಳಬಲ್ಲವು. ಫ್ಯಾನ್ ಜೋರು ಮಾಡಿದರೆ ಮೂಲೆಗಳು ಚೂಪಾಗಿ ಬರುತ್ತವೆ, ಹೆಣಿಗೆಗೆ ಸಮಯ ಸಿಗುವುದಿಲ್ಲ. ನೋಡಲು ಚೆಂದದ ತುಂಡೇ ಬಲದಲ್ಲಿ ಸೋಲುವುದು ಹೀಗೆ.

ಪರೀಕ್ಷೆಗೆ ಬಂದರೆ, ಬಹುತೇಕ ಕಾಲೇಜುಗಳ ಯುಟಿಎಂ (ವಸ್ತುವನ್ನು ಎಳೆದು, ಒತ್ತಿ ಬಲ ಅಳೆಯುವ ಯಂತ್ರ) ಉಕ್ಕಿನ ಸರಳು ಎಳೆಯಲು ಇಟ್ಟ 40 ಟನ್‌ನ ದೈತ್ಯ. ನಮ್ಮ ತುಂಡಿನ ಅಡ್ಡಕೊಯ್ತ 13 ಮಿಲಿಮೀಟರ್‌ಗೆ 3.2. ಅದು ಹರಿಯುವುದು ಹೆಚ್ಚೆಂದರೆ 2 ಕಿಲೋನ್ಯೂಟನ್‌ಗೆ, ಅಂದರೆ ಸುಮಾರು 200 ಕೆ.ಜಿ. ತೂಕಕ್ಕೆ. ಆನೆ ತೂಗುವ ತಕ್ಕಡಿಯಲ್ಲಿ ಏಲಕ್ಕಿ ತೂಗಿದಂತೆ. ನಾನು ತುಂಡುಗಳನ್ನು ಡಬ್ಬದಲ್ಲಿ ಹಾಕಿಕೊಂಡು ಮೈಸೂರಿನ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ ಸಿಪೆಟ್‌ಗೆ ಹೋಗುತ್ತಿದ್ದೆ, ಪ್ಲಾಸ್ಟಿಕ್ಕಿಗೆಂದೇ ಇರುವ, ಸಣ್ಣ ಬಲವನ್ನೂ ಅಳೆಯುವ ಲೋಡ್‌ಸೆಲ್ಲಿನ ಯಂತ್ರಕ್ಕಾಗಿ. ಪ್ಲಾಸ್ಟಿಕ್ಕನ್ನು ಎಳೆದು ಪರೀಕ್ಷಿಸುವ ಎಎಸ್‌ಟಿಎಂ ಡಿ638 ಮಾನದಂಡದಲ್ಲಿ ಎಲ್ಲ ದಿಕ್ಕಿಗೂ ಒಂದೇ ಗುಣವಿರುವ ವಸ್ತುವಾದರೆ ಕನಿಷ್ಠ 5 ತುಂಡು, ದಿಕ್ಕಿಗೊಂದು ಗುಣವಾದರೆ 10 ಬೇಕು ಎಂದಿದೆ. ಮುದ್ರಿಸಿದ್ದೆಲ್ಲ ಎರಡನೆಯ ಜಾತಿಯದೇ. ಇದನ್ನು ಓದದೆ ಬರೆದ ಪೇಪರ್‌ಗಳು ಬೇಕಾದಷ್ಟಿವೆ. ಇನ್ನೊಂದು ಕಿರಿಕಿರಿ, ಆ ಮಾನದಂಡ ಹೇಳುವ ಡಂಬೆಲ್ ಆಕಾರ (ತುದಿ ಅಗಲ, ನಡು ಸಣ್ಣ) ಅಚ್ಚಿನಲ್ಲಿ ತೆಗೆದ ಪ್ಲಾಸ್ಟಿಕ್ಕಿಗೆ ಮಾಡಿದ್ದು. ಮುದ್ರಿಸಿದಾಗ ಎಳೆಗಳು ತಿರುವಿನಲ್ಲಿ ಕಡಿದು ನಿಲ್ಲುತ್ತವೆ, ತುಂಡು ನಡುವೆ ಮುರಿಯುವುದು ಬಿಟ್ಟು ಭುಜದಲ್ಲಿ ಮುರಿಯುತ್ತದೆ. ಅಂಥವನ್ನು ಲೆಕ್ಕಕ್ಕೆ ಹಿಡಿಯಬಾರದು. ಕಾಂಪೋಸಿಟ್‌ಗಳಿಗೆ (ನಾರು ಬೆರೆತ ಪ್ಲಾಸ್ಟಿಕ್ಕಿನಂಥ ಮಿಶ್ರ ವಸ್ತುಗಳಿಗೆ) ಬಳಸುವ ನೇರ ಪಟ್ಟಿಯೇ ಇದಕ್ಕೆ ವಾಸಿ ಎಂದು ನನ್ನ ಅಭಿಪ್ರಾಯ.

ಎಳೆಯುವ ಮೊದಲು ತುಂಡನ್ನು ತೂಗಿ ಎಂದು ನನ್ನ ಗೈಡ್ ಮೇಡಂ ಹಟ ಹಿಡಿಯುತ್ತಿದ್ದರು. ಪಿಎಲ್‌ಎಯ ಸಾಂದ್ರತೆ ಘನ ಸೆಂಟಿಮೀಟರಿಗೆ 1.24 ಗ್ರಾಂ. ಬೆರೆಸಿದ ಪುಡಿಯ ಪಾಲನ್ನೂ ಸೇರಿಸಿ ಬರಬೇಕಾದ ತೂಕ ಲೆಕ್ಕ ಹಾಕಿದರೆ, ಬಂದ ತೂಕದ ಕೊರತೆ ಒಳಗಿನ ಟೊಳ್ಳನ್ನು ಹೇಳುತ್ತದೆ. ಆಕಾರವನ್ನು ಪದರಗಳಾಗಿ ಸೀಳಿ ಪ್ರಿಂಟರ್‌ಗೆ ಕೊಡುವ ತಂತ್ರಾಂಶವಾದ ಸ್ಲೈಸರ್‌ನಲ್ಲಿ ಶೇ. 100 ತುಂಬು ಎಂದರೂ ಟೊಳ್ಳು ಉಳಿದೇ ಇರುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮುರಿದ ಮುಖ ಇಟ್ಟು ನೋಡಿದಾಗ ದುಂಡು ಎಳೆಗಳ ನಡುವೆ ಸಾಲಾಗಿ ಮೂರು ಮೂಲೆಯ ಸಂದುಗಳು ಕಂಡವು. ಅಲ್ಲಲ್ಲಿ ನಾರು ಕಿತ್ತು ಬಂದ ಗುಳಿಗಳು, ಗುಳಿಯ ಒಳಗೋಡೆ ನುಣ್ಣಗೆ. ನುಣ್ಣಗಿದೆ ಎಂದರೆ ನಾರು ಮತ್ತು ಪ್ಲಾಸ್ಟಿಕ್ ಅಂಟಿಕೊಂಡೇ ಇರಲಿಲ್ಲ. ಕಾಸ್ಟಿಕ್ ಸೋಡಾದಲ್ಲಿ ನೆನೆದ ನಾರಿನ ಗುಳಿಗಳಲ್ಲಿ ಚಿಂದಿ ಎದ್ದ ಪ್ಲಾಸ್ಟಿಕ್ ಕಾಣುತ್ತಿತ್ತು.

ಫಲಿತಾಂಶ ನೇರವಾಗಿ ಹೇಳುತ್ತೇನೆ. ಸಿಪ್ಪೆ ಪಿಎಲ್‌ಎಯನ್ನು ಬಲಪಡಿಸುವುದಿಲ್ಲ. ಬಿಗಿತ ಕೊಂಚ ಏರುತ್ತದೆ, ಎಳೆತದ ಬಲ ಇಳಿಯುತ್ತದೆ, ಮುರಿಯುವ ಮುನ್ನ ಹಿಗ್ಗುವ ಗುಣ ಇನ್ನೂ ಇಳಿಯುತ್ತದೆ. ತೂಕದಲ್ಲಿ ಶೇ. 15 ಬೆರೆಸಿದಾಗ ತಂತಿ ಪ್ರಿಂಟರ್‌ನ ಹಲ್ಲುಚಕ್ರದಲ್ಲೇ ತುಂಡಾಗುತ್ತಿತ್ತು. ನಿಲ್ಲಿಸಿದ ತುಂಡಿನಲ್ಲಿ ಪುಡಿ ಪದರಗಳ ನಡುವೆ ಕೂತು ಬೆಸುಗೆಯನ್ನೂ ಕೆಡಿಸುತ್ತದೆ. ಲಾಭ ಬೇರೆ ಕಡೆ ಇದೆ. ದುಬಾರಿ ಪ್ಲಾಸ್ಟಿಕ್ ಉಳಿತಾಯವಾಗುತ್ತದೆ, ಮರದಂಥ ಮಾಸಲು ಮೈ ಬರುತ್ತದೆ, ಭಾರ ಹೊರದ ವಸ್ತುಗಳಿಗೆ ಧಾರಾಳ ಸಾಕು. "ಬಲಿಷ್ಠ ಹಸಿರು ಕಾಂಪೋಸಿಟ್" ಎಂದು ಶೀರ್ಷಿಕೆ ಕೊಡುವವರು ನಿಲ್ಲಿಸಿದ ತುಂಡಿನ ಸಂಖ್ಯೆಯನ್ನೂ ಪಕ್ಕದಲ್ಲಿ ಕೊಡಲಿ.

ಲೋಹದಲ್ಲಿ ಈ ತಾಪತ್ರಯ ಇಲ್ಲ ಎಂದುಕೊಳ್ಳಬೇಡಿ. ಇಸ್ರೋ 2024ರ ಮೇ 9ರಂದು ಪಿಎಸ್‌ಎಲ್‌ವಿಯ ನಾಲ್ಕನೇ ಹಂತದ ಎಂಜಿನ್ನನ್ನು ಮುದ್ರಿಸಿದ ರೂಪದಲ್ಲಿ 665 ಸೆಕೆಂಡ್ ಉರಿಸಿ ನೋಡಿತು. 14 ಬಿಡಿಭಾಗಗಳು ಒಂದೇ ಆಗಿದ್ದವು, 19 ಬೆಸುಗೆಗಳು ಹೋಗಿದ್ದವು, 565 ಕೆ.ಜಿ. ಲೋಹದ ಜಾಗದಲ್ಲಿ 13.7 ಕೆ.ಜಿ. ಪುಡಿ ಸಾಕಾಗಿತ್ತು. ಅಲ್ಲಿ ತಂತಿಯ ಬದಲು ಲೋಹದ ಪುಡಿ, ನಾಝಲ್ ಬದಲು ಲೇಸರ್. ಶಾಖ ಕೆಳಮುಖವಾಗಿ ಹರಿಯುವುದರಿಂದ ಇಂಥ ಲೋಹದ ಕಣಗಳು ಸಾಮಾನ್ಯವಾಗಿ ಕಂಬಗಳಂತೆ ಮೇಲ್ಮುಖವಾಗಿ ಬೆಳೆಯುತ್ತವೆ, ಗುಣ ಅಲ್ಲೂ ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆ. ಅದಕ್ಕೇ ಭಾಗದ ಪಕ್ಕದಲ್ಲೇ, ಅದೇ ಬೆಡ್ಡಿನಲ್ಲಿ ಸಾಕ್ಷಿ ತುಂಡುಗಳನ್ನೂ ಮುದ್ರಿಸಿ ಎಳೆದು ನೋಡುವ ಪದ್ಧತಿ ಇದೆ.

ಈಗ ನಮ್ಮ ಲ್ಯಾಬಿನಲ್ಲಿ ನಡೆಯುತ್ತಿರುವುದು ನಿಲ್ಲಿಸಿದ ತುಂಡಿಗೆ ಚಿಕಿತ್ಸೆ. ಮುದ್ರಿಸಿದ ಮೇಲೆ 100 ಡಿಗ್ರಿಯ ಹತ್ತಿರ ಓವನ್‌ನಲ್ಲಿ ಕಾಯಿಸಿದರೆ ಪದರಗಳ ನಡುವಿನ ಹೆಣಿಗೆಗೆ ಎರಡನೇ ಅವಕಾಶ ಸಿಗುತ್ತದೆ, ಹರಳುಗಟ್ಟುವಿಕೆಯೂ ಹೆಚ್ಚುತ್ತದೆ. ತುಂಡು ಸೊಟ್ಟಗಾಗುತ್ತದೆ ಎನ್ನುವುದೇ ತಕರಾರು. ಅದಕ್ಕೆ ಸ್ಟೀಲ್ ಡಬ್ಬದಲ್ಲಿ ನುಣ್ಣಗೆ ಬೀಸಿದ ಅಡುಗೆ ಉಪ್ಪು ತುಂಬಿ, ತುಂಡನ್ನು ಅದರೊಳಗೆ ಹೂತು, ಒತ್ತಿ ಕೂರಿಸಿ ಕಾಯಿಸುತ್ತಿದ್ದೇವೆ. ಉಪ್ಪು ಅಚ್ಚಿನಂತೆ ಆಕಾರ ಹಿಡಿದಿಡುತ್ತದೆ, ಆಮೇಲೆ ನೀರಿನಲ್ಲಿ ತೊಳೆದರೆ ಹೋಗುತ್ತದೆ. ಬರೀ ಪಿಎಲ್‌ಎಯ ತುಂಡುಗಳು ಚೆನ್ನಾಗಿ ಬರುತ್ತಿವೆ. ಸಿಪ್ಪೆ ಬೆರೆತವು ತೊಳೆಯುವಾಗ ಮತ್ತೆ ನೀರು ಹೀರುತ್ತಿವೆ, ಅವಕ್ಕೆ ಉಪ್ಪಿನ ಬದಲು ಒಣ ಮರಳು ಹಾಕಿ ನೋಡುತ್ತಿದ್ದೇವೆ.