ಫೋಂಡಾದ ಸಫಾ ಮಸೀದಿ ನೋಡುವುದು ಹೇಗೆ?

ವಿಜಯಪುರದಿಂದ ಗೋವಾಕ್ಕೆ ಬರುವ ನೆಂಟರೆಲ್ಲ ಬೀಚ್ ಕೇಳುತ್ತಾರೆ. ನಾನು ಮೊದಲು ಫೋಂಡಾದ ಸಫಾ ಮಸೀದಿಗೆ ಕಳಿಸುತ್ತೇನೆ. ಪೇಟೆಯಿಂದ ಸುಮಾರು 2 ಕಿ.ಮೀ., ರಿಕ್ಷಾ ಸಾಕು. 1560ರದ್ದು, ನಮ್ಮ ವಿಜಯಪುರದ ಆದಿಲ್‌ಶಾಹಿ ಸುಲ್ತಾನರದ್ದೇ. ಆದರೆ ಗೋಳಗುಮ್ಮಟ ನೆನೆಸಿಕೊಂಡು ಬರಬೇಡಿ. ಇದು ಚಿಕ್ಕದು, ಮೇಲೆ ಹೆಂಚಿನ ಮಾಡು. ಇಲ್ಲಿನ ಮಳೆಗೆ ಅದೇ ಸರಿ, ಅಲ್ವಾ?

ಶುಕ್ರವಾರ ಮಧ್ಯಾಹ್ನ ಜುಮಾ ನಮಾಜ್. ಸುಮ್ನೆ ನೋಡಲು ಬರುವವರು ಬೇರೆ ಹೊತ್ತು ಬನ್ನಿ. ಮೈತುಂಬ ಬಟ್ಟೆ ಇರಲಿ, ಚಪ್ಪಲಿ ಹೊರಗೆ ಬಿಡಿ. ನಮಾಜ್ ಮಾಡುವವರ ಮುಂದೆ ಹಾಯಬೇಡಿ.

ಆಮೇಲೆ ಪಕ್ಕದ ಹೊಂಡಕ್ಕೆ ಬನ್ನಿ. ಅವಸರ ಬೇಡ, ಚೆಲುವೆಲ್ಲ ಇಲ್ಲೇ ಜಾಸ್ತಿ. ಕೆಂಪು ಕಲ್ಲಿನ ಗೋಡೆಯ ತುಂಬ ಪುಟ್ಟ ಕಮಾನುಗಳು, ಥೇಟ್ ಮೆಹ್ರಾಬಿನ, ಅಂದ್ರೆ ಮಸೀದಿಯೊಳಗೆ ನಮಾಜಿನ ದಿಕ್ಕು ತೋರುವ ಗೋಡೆಗೂಡಿನ ಆಕಾರ. ನಮಾಜಿಗೆ ಮುಂಚೆ ಮುಖ, ಕೈ, ಕಾಲು ತೊಳೆದು ವಜೂ ಮಾಡಬೇಕು. ಹಾಗಾಗಿ ಮಸೀದಿ ಕಟ್ಟುವವರು ಮೊದಲು ನೀರು ನೋಡುತ್ತಾರೆ. ಫೋಟೋಗೆ ಹೊಂಡದ ಆಚೆ ದಂಡೆ ಒಳ್ಳೆಯದು. ಪಾಚಿ ಮೆಟ್ಟಿಲು, ಹುಷಾರು.